ಅನ್‌ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್ ರೀಸ್ಟಾರ್ಟ್ ಆದ ಕೂಡಲೇ ವಾಪಸ್ ಬರುತ್ತಿದೆ. ಪೂರ್ತಿ ತೆಗೆಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನಿಮ್ಮದು ವಿಂಡೋಸ್ 11 ಲ್ಯಾಪ್‌ಟಾಪ್. ಪಿಡಿಎಫ್ ಫೈಲನ್ನು ವರ್ಡ್‌ಗೆ ಬದಲಿಸುವ ಯಾವುದೋ ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡಿರಿ. ಅದರ ಬೆನ್ನಿಗೆ ಕಂಪ್ಯೂಟರ್ ಸ್ಪೀಡ್ ಮಾಡುತ್ತೇನೆ ಅನ್ನುವ ಇನ್ನೊಂದು ಬಂತು. ಕ್ರೋಮ್‌ನಲ್ಲಿ ಗೂಗಲ್ ಹೋಗಿ ಬೇರೆ ಸರ್ಚ್ ಪುಟ ಕೂತಿತು. ಬಲಗಡೆ ಕೆಳಮೂಲೆಯಲ್ಲಿ 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ' ಅಂತ ಜಾಹೀರಾತು ಹಾರುತ್ತಿದೆ. ಎರಡನ್ನೂ ಅನ್‌ಇನ್‌ಸ್ಟಾಲ್ ಮಾಡಿದಿರಿ, ರೀಸ್ಟಾರ್ಟ್ ಮಾಡಿದರೆ ಎಲ್ಲ ವಾಪಸ್. ಈಗ ರಿಜಿಸ್ಟ್ರಿ ಕ್ಲೀನರ್ ಒಂದನ್ನು, ಅಂದರೆ ವಿಂಡೋಸ್ ತನ್ನ ಮತ್ತು ಸಾಫ್ಟ್‌ವೇರ್‌ಗಳ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನು ಗುಡಿಸುವ ಟೂಲನ್ನು, ಹಾಕಲೇ ಅಂತ ಕೇಳುತ್ತಿದ್ದೀರಿ.

ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಇಂಥ ಲ್ಯಾಪ್‌ಟಾಪ್ ಟೇಬಲ್ ಮೇಲೆ ಬಂದಾಗ ನಾನು ಹುಡುಕುವುದು ಒಂದೇ ವಿಷಯ: ಕಂಪ್ಯೂಟರ್ ಆನ್ ಆದಾಗ ಇದನ್ನು ಎಬ್ಬಿಸುತ್ತಿರುವುದು ಯಾವುದು? ಅಳಿಯದೆ ಉಳಿದ ಫೋಲ್ಡರ್, ರಿಜಿಸ್ಟ್ರಿಯಲ್ಲಿ ಉಳಿದ ನಾಲ್ಕು ಸಾಲು, ಇವೆಲ್ಲ ಸತ್ತ ಸರಕು. ಸ್ವಲ್ಪ ಜಾಗ ತಿನ್ನುತ್ತವೆ, ಅಷ್ಟೇ. ಓಡುತ್ತಿರುವುದು ಯಾವುದು, ಅದನ್ನು ಓಡಿಸುತ್ತಿರುವುದು ಯಾವುದು ಅನ್ನುವುದೇ ಮುಖ್ಯ. ಜನ ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ. ಸತ್ತ ಸರಕನ್ನು ಗಂಟೆಗಟ್ಟಲೆ ಗುಡಿಸಿ, ಜೀವಂತ ಇರುವುದನ್ನು ಹಾಗೇ ಬಿಡುತ್ತಾರೆ.

ಮೊದಲು ಆ ಮೂಲೆಯ ಜಾಹೀರಾತು ನೋಡೋಣ. ಇದು ಎಷ್ಟೋ ಸಲ ಸಾಫ್ಟ್‌ವೇರೇ ಆಗಿರುವುದಿಲ್ಲ. ಯಾವುದೋ ವೆಬ್‌ಸೈಟ್ 'ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ' ಅಂದಿರುತ್ತದೆ, ನಾವು ಸುಮ್ನೆ ಒತ್ತಿರುತ್ತೇವೆ. ಅಲ್ಲಿಂದ ಆ ಸೈಟಿಗೆ ನೋಟಿಫಿಕೇಶನ್ ಕಳಿಸುವ ಅನುಮತಿ ಸಿಕ್ಕಂತೆ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆಯಿರಿ. ಅನುಮತಿ ಇರುವ ಸೈಟುಗಳ ಪಟ್ಟಿ ಸಿಗುತ್ತದೆ. ಗೊತ್ತಿಲ್ಲದ್ದನ್ನೆಲ್ಲ ತೆಗೆಯಿರಿ. ವೈರಸ್ ಅಂದುಕೊಂಡಿದ್ದು ಅರ್ಧ ನಿಮಿಷದಲ್ಲಿ ಹೋಗುವ ಸಾಧ್ಯತೆ ಜಾಸ್ತಿ. ಅಂದ ಹಾಗೆ, ಆ ಜಾಹೀರಾತಿನಲ್ಲಿ ಫೋನ್ ನಂಬರ್ ಇದ್ದರೆ ಕರೆ ಮಾಡಬೇಡಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಈಗಾಗಲೇ ಕರೆ ಮಾಡಿ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಇನ್ನು ನಿಜವಾದ ಸಾಫ್ಟ್‌ವೇರ್. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋಗಿ ಪಟ್ಟಿಯನ್ನು ಹೆಸರಿನ ಪ್ರಕಾರ ಅಲ್ಲ, ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ಆ ಪಿಡಿಎಫ್ ಸಾಫ್ಟ್‌ವೇರ್ ಬಂದ ದಿನವೇ ಬೇರೆ ಏನೇನು ಬಂದಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನೀವು ಎರಡು ತೆಗೆದಿದ್ದೀರಿ. ಮೂರನೆಯದೋ ನಾಲ್ಕನೆಯದೋ 'ಅಪ್‌ಡೇಟರ್', 'ಅಸಿಸ್ಟೆಂಟ್', 'ವೆಬ್ ಕಂಪ್ಯಾನಿಯನ್' ಥರದ ಸಾಧು ಹೆಸರಿಟ್ಟುಕೊಂಡು ಅಲ್ಲೇ ಕೂತಿರಬಹುದು. ಉಳಿದವನ್ನು ವಾಪಸ್ ತರುವ ಕೆಲಸ ಸಾಮಾನ್ಯವಾಗಿ ಅದರದ್ದೇ.

ಅನ್‌ಇನ್‌ಸ್ಟಾಲ್ ಒತ್ತುವ ಮೊದಲು ಒಂದು ಕೆಲಸ ಮಾಡಿ. ಟಾಸ್ಕ್ ಮ್ಯಾನೇಜರ್ ತೆರೆದು, ಆ ಪ್ರೋಗ್ರಾಂ ಮೇಲೆ ಬಲ ಕ್ಲಿಕ್ ಮಾಡಿ, ಓಪನ್ ಫೈಲ್ ಲೊಕೇಶನ್ ಒತ್ತಿ. ಅದು ಯಾವ ಫೋಲ್ಡರ್‌ನಲ್ಲಿದೆ, ಫೈಲಿನ ಹೆಸರೇನು, ಯಾವ ಕಂಪನಿಯ ಹೆಸರಿದೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಕಾಣುವ ಹೆಸರಿಗೂ ಒಳಗಿನ ಫೈಲಿನ ಹೆಸರಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ತೆಗೆದ ಮೇಲೆ ಉಳಿದದ್ದನ್ನು ಹುಡುಕಲು ಈ ಚೀಟಿಯೇ ಬೇಕು.

ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ, ಆದರೆ ಕಿಟಕಿಯಲ್ಲಿ ಬರುವ ಪ್ರತಿ ಸಾಲು ಓದಿ. ಈ ಅನ್‌ಇನ್‌ಸ್ಟಾಲರ್ ಬರೆದಿರುವುದು ನಿಮಗೆ ಬೇಡವಾದ ಸಾಫ್ಟ್‌ವೇರ್ ಬರೆದವರೇ ಅಲ್ವಾ? ಅವರಿಗೆ ನೀವು ಹೋಗುವುದು ಇಷ್ಟವಿಲ್ಲ. ಹೊಳೆಯುವ ದೊಡ್ಡ ಬಟನ್ 'ಇಟ್ಟುಕೊಳ್ಳುತ್ತೇನೆ' ಅನ್ನುತ್ತದೆ, ನಿಜವಾಗಿ ತೆಗೆಯುವ ಬಟನ್ ಬೂದು ಬಣ್ಣದಲ್ಲಿ ಸಣ್ಣದಾಗಿ ಇರುತ್ತದೆ. ಕೊನೆಗೆ 'ಇದರ ಬದಲು ಇದನ್ನು ಹಾಕಿಕೊಳ್ಳಿ' ಅಂತ ಟಿಕ್ ಮೊದಲೇ ಹಾಕಿಟ್ಟ ಇನ್ನೊಂದು ಬಾಕ್ಸ್.

ಇದು ಬರೀ ಸಣ್ಣಪುಟ್ಟ ಕಂಪನಿಗಳ ಬುದ್ಧಿ ಅಂದುಕೊಳ್ಳಬೇಡಿ. 2005ರಲ್ಲಿ ಸೋನಿ ಬಿಎಂಜಿ ತನ್ನ ಕೆಲವು ಹಾಡಿನ ಸಿಡಿಗಳಲ್ಲಿ ನಕಲು ತಡೆಯುವ ಸಾಫ್ಟ್‌ವೇರ್ ಇಟ್ಟಿತ್ತು. ಸಿಡಿಯನ್ನು ಕಂಪ್ಯೂಟರ್‌ಗೆ ಹಾಕಿದರೆ ಅದು ಒಳಗೆ ಸೇರಿ ವಿಂಡೋಸ್ ಕಣ್ಣಿಗೂ ಬೀಳದ ಹಾಗೆ ಅಡಗಿ ಕೂರುತ್ತಿತ್ತು. ಮಾರ್ಕ್ ರುಸಿನೋವಿಚ್ ಎಂಬ ವಿಂಡೋಸ್ ಪರಿಣತರು ತಮ್ಮದೇ ಕಂಪ್ಯೂಟರ್‌ನಲ್ಲಿ ಅದನ್ನು ಕಂಡು ಆ ವರ್ಷದ ಅಕ್ಟೋಬರ್ 31ರಂದು ಬಯಲು ಮಾಡಿದರು. ಗಲಾಟೆಯಾದ ಮೇಲೆ ಕಂಪನಿ ಒಂದು ಅನ್‌ಇನ್‌ಸ್ಟಾಲರ್ ಕೊಟ್ಟಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದರೆ, ಅದನ್ನು ಬಳಸಿದವರ ಕಂಪ್ಯೂಟರ್‌ನಲ್ಲಿ ಯಾವ ವೆಬ್‌ಸೈಟ್ ಬೇಕಾದರೂ ಒಳನುಗ್ಗುವಷ್ಟು ದೊಡ್ಡ ತೂತು ಉಳಿಯುತ್ತಿತ್ತು. ತೆಗೆಯಲು ಕೊಟ್ಟ ಟೂಲೇ ಇನ್ನೊಂದು ಅಪಾಯ ತಂದಿತ್ತು.

ಅದೇ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಸೇರಿ ಮಾಡಿದ ಟೂಲ್ ಒಂದಿದೆ, ಹೆಸರು ಆಟೋರನ್ಸ್. ಸಿಸ್‌ಇಂಟರ್ನಲ್ಸ್ ಅನ್ನುವ ಇವರ ಟೂಲ್‌ಗಳ ಗಂಟನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಈಗ ಮೈಕ್ರೋಸಾಫ್ಟ್ ಸೈಟಿನಲ್ಲೇ ಉಚಿತವಾಗಿ ಸಿಗುತ್ತದೆ, ಅಲ್ಲಿಂದ ಮಾತ್ರ ಇಳಿಸಿಕೊಳ್ಳಿ. ನಿಮ್ಮ ಸಮಸ್ಯೆಯ ಮುಕ್ಕಾಲು ಪಾಲು ಇದರಲ್ಲೇ ಮುಗಿಯುತ್ತದೆ ಅನ್ನುವುದು ನನ್ನ ನಂಬಿಕೆ.

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ ತೋರಿಸುವುದು ತೀರಾ ಕಡಿಮೆ. ಒಂದು ಪ್ರೋಗ್ರಾಂ ತಾನಾಗಿ ಏಳಲು ವಿಂಡೋಸ್‌ನಲ್ಲಿ ಹತ್ತಾರು ದಾರಿಗಳಿವೆ: ರಿಜಿಸ್ಟ್ರಿಯ ರನ್ ಕೀಗಳು, ಸ್ಟಾರ್ಟಪ್ ಫೋಲ್ಡರ್, ಸರ್ವಿಸ್, ಡ್ರೈವರ್, ಟಾಸ್ಕ್ ಶೆಡ್ಯೂಲರ್, ಇನ್ನೂ ಏನೇನೋ. ಆಟೋರನ್ಸ್ ಎಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಆಪ್ಷನ್ಸ್ ಮೆನುವಿನಲ್ಲಿ ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್ ಆರಿಸಿ. ನೂರಾರು ಸಾಲು ಇದ್ದದ್ದು ಕೈಯಲ್ಲಿ ಎಣಿಸುವ ಮಟ್ಟಕ್ಕೆ ಇಳಿಯುತ್ತದೆ. ಹಳದಿ ಸಾಲು ಅಂದರೆ ಎಂಟ್ರಿ ಇದೆ, ಆದರೆ ಅದು ಕರೆಯುವ ಫೈಲ್ ಇಲ್ಲ. ಅದು ಸತ್ತ ಸರಕು, ಚಿಂತೆ ಬೇಡ. ಗುಲಾಬಿ ಸಾಲು ಅಂದರೆ ಯಾರು ಮಾಡಿದ್ದು ಅಂತ ಖಾತ್ರಿ ಇಲ್ಲ. ಅಲ್ಲಿ ನಿಂತು ನೋಡಿ. ಎಲ್ಲ ಗುಲಾಬಿಯೂ ಕೆಟ್ಟದ್ದಲ್ಲ, ಹಳೇ ಪ್ರಿಂಟರ್ ಸಾಫ್ಟ್‌ವೇರ್ ಕೂಡ ಹೀಗೆ ಕಾಣಬಹುದು. ಚೀಟಿಯಲ್ಲಿ ಬರೆದ ಹೆಸರು, ಫೋಲ್ಡರ್ ಜೊತೆ ಹೋಲಿಸಿ.

ಸಿಕ್ಕಿದ್ದನ್ನು ತಕ್ಷಣ ಡಿಲೀಟ್ ಮಾಡಬೇಡಿ. ಎದುರಿಗಿರುವ ಟಿಕ್ ಮಾತ್ರ ತೆಗೆಯಿರಿ, ರೀಸ್ಟಾರ್ಟ್ ಮಾಡಿ. ಏನಾದರೂ ಕೆಟ್ಟರೆ ಟಿಕ್ ವಾಪಸ್ ಹಾಕಿದರಾಯಿತು. ಎರಡು ದಿನ ಎಲ್ಲ ಸರಿಯಾಗಿ ನಡೆದರೆ ಆಮೇಲೆ ಅಳಿಸಿ.

ನಿಮ್ಮ ಕೇಸಿನಲ್ಲಿ ನನ್ನ ಅನುಮಾನ ಶೆಡ್ಯೂಲ್ಡ್ ಟಾಸ್ಕ್ಸ್ ಟ್ಯಾಬ್ ಮೇಲೆ. 'ಯೂಸರ್ ಲಾಗಿನ್ ಆದಾಗಲೆಲ್ಲ ಈ ಫೈಲ್ ಓಡಿಸು' ಅಂತ ಒಂದು ಟಾಸ್ಕ್ ಬಿಟ್ಟರೆ ಸಾಕು, ಅದು ನೆಟ್‌ನಿಂದ ಪೂರ್ತಿ ಸಾಫ್ಟ್‌ವೇರನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಟಾಸ್ಕ್ ಕರೆಯುವ ಫೈಲ್ ಆ್ಯಪ್‌ಡೇಟಾ ಅಥವಾ ಟೆಂಪ್ ಫೋಲ್ಡರ್‌ನಲ್ಲಿದ್ದು, ಹೆಸರು ಅರ್ಥವಿಲ್ಲದ ಅಕ್ಷರಗಳ ಸಾಲಾಗಿದ್ದರೆ ಹೆಚ್ಚು ಕಡಿಮೆ ಅದೇ ಕಳ್ಳ. ಗೂಗಲ್, ಅಡೋಬಿ, ಒನ್‌ಡ್ರೈವ್ ಇವೂ ಅಪ್‌ಡೇಟ್‌ಗಾಗಿ ಟಾಸ್ಕ್ ಇಟ್ಟಿರುತ್ತವೆ, ಅವನ್ನು ಮುಟ್ಟಬೇಡಿ.

ಓಡುತ್ತಿರುವುದು ನಿಲ್ಲುವುದೇ ಇಲ್ಲ ಅಂದರೆ ಸೇಫ್ ಮೋಡ್‌ಗೆ, ಅಂದರೆ ವಿಂಡೋಸ್ ತೀರಾ ಬೇಕಾದದ್ದನ್ನು ಮಾತ್ರ ಓಡಿಸುವ ಸ್ಥಿತಿಗೆ, ಹೋಗಿ. ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಕ್ಲಿಕ್ ಮಾಡಿದರೆ ದಾರಿ ತೆರೆಯುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಲಾಕ್ ಆಗಿರುವುದರಿಂದ ಅಲ್ಲಿ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ. ಇನ್ನೊಂದು, ಸೇಫ್ ಮೋಡ್‌ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಓಡುವುದಿಲ್ಲ. ಹಾಗಾಗಿ ಅಲ್ಲಿ ಎಷ್ಟೋ ಸಾಫ್ಟ್‌ವೇರ್‌ಗಳ ಅನ್‌ಇನ್‌ಸ್ಟಾಲ್ ಕೆಲಸ ಮಾಡುವುದಿಲ್ಲ. ಆಟೋರನ್ಸ್‌ನಲ್ಲಿ ಟಿಕ್ ತೆಗೆಯಲು, ಹಟ ಹಿಡಿದ ಫೋಲ್ಡರ್ ಅಳಿಸಲು ಮಾತ್ರ ಅದನ್ನು ಬಳಸಿ.

ಈಗ ಕ್ರೋಮ್. ಸರ್ಚ್ ಪುಟ ಬದಲಾಗಿರುವುದು ಹೆಚ್ಚಾಗಿ ಒಂದು ಎಕ್ಸ್‌ಟೆನ್ಶನ್‌ನಿಂದ, ಅಂದರೆ ಬ್ರೌಸರ್‌ಗೆ ಅಂಟಿಸುವ ಪುಟ್ಟ ಪ್ರೋಗ್ರಾಂನಿಂದ. ಅದನ್ನು ತೆಗೆಯಿರಿ, ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ಸರಿ ಮಾಡಿ. ರಿಮೂವ್ ಬಟನ್ನೇ ಕೆಲಸ ಮಾಡದಿದ್ದರೆ ಮೂರು ಚುಕ್ಕಿಯ ಮೆನುವಿನ ಕೊನೆಗೆ ನೋಡಿ. ಈ ಬ್ರೌಸರ್ ಅನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಅನ್ನುವ ಅರ್ಥದ ಸಾಲು ಇದೆಯಾ? ನಿಮ್ಮದು ಆಫೀಸ್ ಲ್ಯಾಪ್‌ಟಾಪ್ ಅಲ್ಲ, ಹಾಗಾದರೆ ಸಂಸ್ಥೆ ಎಲ್ಲಿಂದ ಬಂತು? ಕಂಪನಿಗಳು ತಮ್ಮ ಸಿಬ್ಬಂದಿಯ ಕಂಪ್ಯೂಟರ್‌ಗೆ ನಿಯಮ ಹಾಕಲು ಕ್ರೋಮ್‌ನಲ್ಲಿ ಒಂದು ಸೌಲಭ್ಯವಿದೆ. ಈ ಕಿರಿಕಿರಿ ಸಾಫ್ಟ್‌ವೇರ್‌ಗಳು ಅದನ್ನೇ ಬಳಸಿ ತಮ್ಮ ಎಕ್ಸ್‌ಟೆನ್ಶನ್ ತೆಗೆಯಲಾಗದಂತೆ ಬಿಗಿಯುತ್ತವೆ. ಈ ನಿಯಮಗಳು ರಿಜಿಸ್ಟ್ರಿಯಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಅನ್ನುವ ದಾರಿಯಲ್ಲಿ ಇರುತ್ತವೆ. ಆ ಕ್ರೋಮ್ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಂಡು ಆಮೇಲೆ ಅಳಿಸಿ. ಕೈಯಾರೆ ರಿಜಿಸ್ಟ್ರಿ ಮುಟ್ಟಿ ಅಂತ ನಾನು ಹೇಳುವುದು ಇದೊಂದೇ ಕಡೆ. ಕೆಲವು ಆಂಟಿವೈರಸ್‌ಗಳೂ ಇಲ್ಲಿ ಸಾಲು ಬರೆಯುತ್ತವೆ, ಅದನ್ನು ಗಮನಿಸಿ.

ನಿಮ್ಮ ಗೂಗಲ್ ಅಕೌಂಟ್‌ಗೆ ಸಿಂಕ್ ಆನ್ ಇದ್ದರೆ ಮನೆಯ ಇನ್ನೊಂದು ಕಂಪ್ಯೂಟರ್‌ನಿಂದಲೂ ಆ ಎಕ್ಸ್‌ಟೆನ್ಶನ್ ಮರಳಿ ಬರಬಹುದು. ಎರಡೂ ಕಡೆ ತೆಗೆಯಿರಿ. ಡೆಸ್ಕ್‌ಟಾಪ್‌ನ ಕ್ರೋಮ್ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲನ್ನೂ ನೋಡಿ. ಕೊನೆಗೆ ಯಾವುದೋ ವೆಬ್‌ಸೈಟ್ ವಿಳಾಸ ಅಂಟಿಸಿದ್ದರೆ ಅದನ್ನು ಅಳಿಸಿ.

ಇಷ್ಟಾದ ಮೇಲೆ ಉಳಿದ ಫೋಲ್ಡರ್‌ಗಳು. ಪ್ರೋಗ್ರಾಂ ಫೈಲ್ಸ್, ಪ್ರೋಗ್ರಾಂಡೇಟಾ, ಆ್ಯಪ್‌ಡೇಟಾದ ಲೋಕಲ್ ಮತ್ತು ರೋಮಿಂಗ್. ಚೀಟಿಯ ಹೆಸರು ಕಂಡರೆ ಅಳಿಸಿ. ವಿಂಡೋಸ್ ಫೋಲ್ಡರ್ ಒಳಗಿನ ಇನ್‌ಸ್ಟಾಲರ್ ಅನ್ನುವ ಫೋಲ್ಡರ್ ಮಾತ್ರ ಮುಟ್ಟಬೇಡಿ. ಜಾಗ ಜಾಸ್ತಿ ತಿಂದಿದೆ ಅಂತ ಅದನ್ನು ಖಾಲಿ ಮಾಡಿದರೆ ಮುಂದೆ ಒಳ್ಳೇ ಸಾಫ್ಟ್‌ವೇರ್‌ಗಳನ್ನೂ ತೆಗೆಯಲು, ಅಪ್‌ಡೇಟ್ ಮಾಡಲು ಆಗುವುದಿಲ್ಲ.

ರಿಜಿಸ್ಟ್ರಿ ಕ್ಲೀನರ್ ಯಾಕೆ ಬೇಡ? ಲಕ್ಷಾಂತರ ಸಾಲು ಇರುವ ಕಡೆ ಐನೂರು ಸತ್ತ ಸಾಲು ತೆಗೆದರೆ ಕಂಪ್ಯೂಟರ್ ವೇಗವಾಗುವುದಿಲ್ಲ. ತಪ್ಪಿ ಒಂದು ಬೇಕಾದ ಸಾಲು ಹೋದರೆ ಮಾತ್ರ ಗೊತ್ತಾಗುತ್ತದೆ. ಮೈಕ್ರೋಸಾಫ್ಟ್ ತಾನೇ ಮಾಡಿದ್ದ ವಿಂಡೋಸ್ ಇನ್‌ಸ್ಟಾಲರ್ ಕ್ಲೀನಪ್ ಅನ್ನುವ ಟೂಲನ್ನು 2010ರಲ್ಲಿ ಹಿಂತೆಗೆದುಕೊಂಡಿತು. ಅದು ಬೇರೆ ಸಾಫ್ಟ್‌ವೇರ್‌ಗಳ ಭಾಗಗಳನ್ನೂ ಹಾಳು ಮಾಡುತ್ತಿತ್ತು. 2017ರಲ್ಲಿ ಕಂಪ್ಯೂಟರ್ ಸ್ವಚ್ಛ ಮಾಡುವ ಹೆಸರುವಾಸಿ ಟೂಲ್ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ಕಳ್ಳರು ತಮ್ಮ ಕೋಡ್ ಸೇರಿಸಿದ್ದರು. 22 ಲಕ್ಷಕ್ಕೂ ಹೆಚ್ಚು ಜನ ಅದನ್ನು ಕಂಪನಿಯ ಅಧಿಕೃತ ಜಾಗದಿಂದಲೇ ಇಳಿಸಿಕೊಂಡಿದ್ದರು. ಸ್ವಚ್ಛ ಮಾಡುವ ಟೂಲಿಗೆ ನಾವು ಅಡ್ಮಿನ್ ಅಧಿಕಾರ ಕೊಡುತ್ತೇವೆ, ಆದ್ದರಿಂದ ಅಂಥವು ಕಡಿಮೆ ಇದ್ದಷ್ಟೂ ಒಳ್ಳೆಯದು. ಸ್ಕ್ಯಾನ್ ಬೇಕೇ ಬೇಕು ಅಂದರೆ ಮಾಲ್‌ವೇರ್‌ಬೈಟ್ಸ್‌ನ ಆ್ಯಡ್‌ಡಬ್ಲ್ಯೂಕ್ಲೀನರ್ ಸಾಕು, ನಾನೂ ಅದನ್ನೇ ಓಡಿಸುತ್ತೇನೆ.

ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ತೆಗೆಯುವುದಿದ್ದರೆ ಮಾತ್ರ ಮೇಲಿನ ಯಾವುದೂ ಬೇಡ. ಆಯಾ ಕಂಪನಿಯ ಸೈಟಿನಲ್ಲೇ ಅದಕ್ಕೆ ಬೇರೆ ರಿಮೂವಲ್ ಟೂಲ್ ಇರುತ್ತದೆ. ಅದನ್ನು ತೆಗೆದ ಮೇಲೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ತಾನಾಗಿ ಕೆಲಸಕ್ಕೆ ಇಳಿಯುತ್ತದೆ.

ಡಿಫೆಂಡರ್‌ನಲ್ಲಿ ಎಕ್ಸ್‌ಕ್ಲೂಶನ್ಸ್ ಪಟ್ಟಿಯನ್ನು ಖಂಡಿತ ನೋಡಿ. 'ಈ ಫೋಲ್ಡರನ್ನು ಸ್ಕ್ಯಾನ್ ಮಾಡಬೇಡ' ಅಂತ ಹೇಳುವ ಜಾಗ ಅದು. ಕೆಟ್ಟ ಸಾಫ್ಟ್‌ವೇರ್ ತನ್ನ ಫೋಲ್ಡರನ್ನೇ ಅಲ್ಲಿ ಸೇರಿಸಿಕೊಂಡಿರುತ್ತದೆ. ನೀವು ಸೇರಿಸದ ಹೆಸರು ಅಲ್ಲಿ ಇದ್ದರೆ, ಅಥವಾ ನೀವು ಇಳಿಸಿದ್ದು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಆಗಿದ್ದರೆ, ಕತೆ ಬೇರೆ. ಅದು ಜಾಹೀರಾತಿನ ಕಾಟವಲ್ಲ, ಪಾಸ್‌ವರ್ಡ್ ಕದಿಯುವ ಜಾತಿ ಇರಬಹುದು. ಆಗ ಗುಡಿಸುತ್ತಾ ಕೂರಬೇಡಿ. ಬೇರೆ ಫೋನ್ ಅಥವಾ ಕಂಪ್ಯೂಟರ್‌ನಿಂದ ಇಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ವಿಂಡೋಸನ್ನೇ ಹೊಸದಾಗಿ ಹಾಕಿ. ಕಣ್ಣಿಗೆ ಕಾಣುವ ಪ್ರೋಗ್ರಾಂ ಹೋದರೂ ಕಾಣದ್ದು ಉಳಿಯುತ್ತದೆ ಅನ್ನುವುದಕ್ಕೆ 2015ರ ಸೂಪರ್‌ಫಿಶ್ ಪ್ರಕರಣವೇ ಸಾಕು. ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಬಂದಿದ್ದ ಆ ಜಾಹೀರಾತು ಸಾಫ್ಟ್‌ವೇರನ್ನು ಅನ್‌ಇನ್‌ಸ್ಟಾಲ್ ಮಾಡಿದರೂ, ಅದು ಹಾಕಿದ್ದ ರೂಟ್ ಸರ್ಟಿಫಿಕೇಟ್ (ಯಾವ ಸೈಟ್ ಅಸಲಿ ಅಂತ ಕಂಪ್ಯೂಟರ್ ನಂಬಲು ಬಳಸುವ ಪ್ರಮಾಣಪತ್ರ) ಹಾಗೇ ಕೂತಿರುತ್ತಿತ್ತು. ಅಂದರೆ ನಕಲಿ ಬ್ಯಾಂಕ್ ಸೈಟನ್ನೂ ಬ್ರೌಸರ್ ಅಸಲಿ ಅಂತ ನಂಬುವ ಅಪಾಯ ಉಳಿದಿತ್ತು.

ಹೊಸದಾಗಿ ಹಾಕಲು ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ರೀಸೆಟ್ ದಿಸ್ ಪಿಸಿ ಇದೆ. ಬರೀ ಕಿರಿಕಿರಿ ಸಾಫ್ಟ್‌ವೇರ್ ಆದರೆ ಕೀಪ್ ಮೈ ಫೈಲ್ಸ್ ಮತ್ತು ಕ್ಲೌಡ್ ಡೌನ್‌ಲೋಡ್ ಸಾಕು. ಪಾಸ್‌ವರ್ಡ್ ಕಳ್ಳತನದ ಅನುಮಾನ ಇದ್ದರೆ ಬೇರೆ ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಇಳಿಸಿ, ಡಿಸ್ಕ್ ಅಳಿಸಿ ಹಾಕಿ.

ರೀಸೆಟ್ ಮಾಡಿದರೆ ನೀವು ಹಾಕಿದ ಸಾಫ್ಟ್‌ವೇರ್ ಎಲ್ಲ ಹೋಗುತ್ತವೆ, ನುಡಿ ಅಥವಾ ಬರಹ ಇದ್ದರೆ ಅದೂ ಹೋಗುತ್ತದೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಅರ್ಜಿ, ಪತ್ರ, ಕತೆಗಳೆಲ್ಲ ಆ ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಫೈಲ್ ಹಾಳಾಗಿರುವುದಿಲ್ಲ, ಫಾಂಟ್ ಬಂದ ಕೂಡಲೇ ಸರಿಹೋಗುತ್ತದೆ. ಆದರೂ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಅವನ್ನು ಮೊದಲೇ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಹೊಸದಾಗಿ ಯೂನಿಕೋಡ್‌ನಲ್ಲಿ ಬರೆಯುವುದಕ್ಕೆ ಮಾತ್ರ ಏನನ್ನೂ ಇಳಿಸಿಕೊಳ್ಳುವ ಅಗತ್ಯವಿಲ್ಲ. ಕನ್ನಡ ಫೋನೆಟಿಕ್ ಕೀಬೋರ್ಡ್ 2019ರಿಂದ ವಿಂಡೋಸ್ ಒಳಗೇ ಇದೆ, ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರಾಯಿತು.