ಗ್ಯಾರೇಜ್ ಕಟ್ಟೆ: ದೊಡ್ಡಪ್ಪನ ಸಿಡಿ 100ಕ್ಕೆ 20 ಸಾವಿರ ಸಾಕಾ?

ಹಳೆ ಬೈಕುಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಬಳ್ಳಾರಿಯ ಗ್ಯಾರೇಜಿನಿಂದ ಉತ್ತರ

ಪ್ರಶ್ನೆ: ನಮ್ಮ ದೊಡ್ಡಪ್ಪ 1995ರಲ್ಲಿ ಕೊಂಡ ಹೀರೋ ಹೋಂಡಾ ಸಿಡಿ 100 ಹೊಲದ ಮನೆಯಲ್ಲಿ ನಿಂತಿದೆ. ಅವರು ತೀರಿಕೊಂಡು ಎಂಟು ವರ್ಷ ಆಯ್ತು. ಅವತ್ತಿನಿಂದ ಯಾರೂ ಮುಟ್ಟಿಲ್ಲ. ಸೀಟಿನ ಮೇಲೆ ಭತ್ತದ ಚೀಲ ಹೇರಿದ್ದರು, ಕೋಳಿಗಳೂ ಕೂರುತ್ತಿದ್ದವು. ಕಿಕ್ ಹೊಡೆಯಲು ಹೋದರೆ ಲಿವರ್ ಕೆಳಗೇ ಇಳಿಯುವುದಿಲ್ಲ. ನನ್ನ ಹತ್ತಿರ 20 ಸಾವಿರ ಇದೆ. ಇದುವರೆಗೆ ಸ್ಪ್ಯಾನರ್ ಹಿಡಿದವನಲ್ಲ. ಆದರೂ ನಾನೇ ರೆಡಿ ಮಾಡಬೇಕು ಅಂತ ಆಸೆ. ಪೇಂಟು, ಸ್ಟಿಕ್ಕರ್ ಸೇರಿ 9 ಸಾವಿರ ಆಗುತ್ತದೆ ಅಂತ ಒಬ್ಬರು ಹೇಳಿದ್ದಾರೆ. ಅಲ್ಲಿಂದಲೇ ಶುರು ಮಾಡಲಾ?
– ಬಿ.ಕಾಂ. ವಿದ್ಯಾರ್ಥಿ, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಬೇಡ. ಪೇಂಟ್ ಕಟ್ಟಕಡೆಗೆ. ದುಡ್ಡು ಉಳಿದರೆ ಮಾತ್ರ. ಹೊಳೆಯುವ ಟ್ಯಾಂಕ್ ಇದ್ದು ಬ್ರೇಕ್ ಹಿಡಿಯದ ಬೈಕುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವುಗಳ ಮಾಲೀಕರ ಹತ್ತಿರ ಬ್ರೇಕ್ ಶೂಗೆ ದುಡ್ಡು ಇರುವುದಿಲ್ಲ.

ಮೊದಲ ಕೆಲಸ ಆರ್‌ಸಿ (ನೋಂದಣಿ ಪತ್ರ) ಹುಡುಕುವುದು. ದೊಡ್ಡಪ್ಪನ ಟ್ರಂಕು, ಬೀರು, ದೇವರ ಗೂಡು ಎಲ್ಲ ನೋಡಿ. ಯಾಕೆ ಅಂದರೆ ನಿಮ್ಮ 20 ಸಾವಿರದಲ್ಲಿ ದೊಡ್ಡ ಪಾಲು ಇಲ್ಲೇ ಹೋಗಬಹುದು. ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಿಮ್ಮದು 1995ರದ್ದು, ಅಂದರೆ 2010ಕ್ಕೆ ಒಮ್ಮೆ, 2015ಕ್ಕೆ ಒಮ್ಮೆ ಆಗಿರಬೇಕು. 2020ರಲ್ಲಿ ಮಾಡಿಸುವವರು ಯಾರೂ ಇರಲಿಲ್ಲ, ಅಲ್ವಾ? 20 ವರ್ಷ ದಾಟಿದ ಬೈಕಿಗೆ ನವೀಕರಣ ಶುಲ್ಕ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿತು. ಅದು ಸಣ್ಣ ಮಾತು. ತಡ ಮಾಡಿದ ಪ್ರತಿ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಕಟ್ಟಬೇಕು ಎನ್ನುವ ನಿಯಮ 2022ರ ಏಪ್ರಿಲ್‌ನಿಂದ ಇದೆ. ವರ್ಷಕ್ಕೆ 3,600 ಆಯ್ತು. ಜೊತೆಗೆ ಹಳೆ ವಾಹನಕ್ಕೆ ಹಾಕುವ ಹಸಿರು ತೆರಿಗೆ, ವಿಮೆ, ಹೊಸ ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ) ನಂಬರ್ ಪ್ಲೇಟು. ಕೊಪ್ಪಳದ ಆರ್‌ಟಿಓ ಕಚೇರಿಗೆ ಹೋಗಿ ಒಟ್ಟು ಎಷ್ಟಾಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಆ ಚೀಟಿ ನೋಡಿದ ಮೇಲೆ ಸ್ಪ್ಯಾನರ್ ಕೊಳ್ಳುವುದೋ ಬೇಡವೋ ಯೋಚಿಸಿ.

ಮಾಲೀಕರು ತೀರಿಕೊಂಡಿದ್ದರಿಂದ ಹೆಸರು ಬದಲಾವಣೆಗೆ ಫಾರಂ 31, ನವೀಕರಣಕ್ಕೆ ಫಾರಂ 25. ಮರಣ ಪ್ರಮಾಣಪತ್ರ ಬೇಕು. ದೊಡ್ಡಮ್ಮ ಮತ್ತು ಅವರ ಮಕ್ಕಳ ಒಪ್ಪಿಗೆಯೂ ಬೇಕು. ಬೈಕು ರೆಡಿಯಾಗಿ ಹೊಳೆಯುವಾಗ ಒಪ್ಪಿಗೆ ಕೇಳಲು ಹೋಗಬೇಡಿ. ತುಕ್ಕು ಹಿಡಿದು ಬಿದ್ದಿರುವಾಗಲೇ ಕೇಳಿ. ಆಗ ಎಲ್ಲರೂ ‘ತಗೊಂಡು ಹೋಗಪ್ಪಾ’ ಅನ್ನುತ್ತಾರೆ.

ಇನ್ನು ಎಂಜಿನ್. ಕಿಕ್ ಇಳಿಯುತ್ತಿಲ್ಲ ಅಂದ ಮಾತ್ರಕ್ಕೆ ಅದು ಸತ್ತಿದೆ ಅಂತಲ್ಲ. ಇಷ್ಟು ವರ್ಷ ನಿಂತಾಗ ಪಿಸ್ಟನ್ ಸುತ್ತಲಿನ ರಿಂಗುಗಳು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ತುಕ್ಕಿನಿಂದ ಕಚ್ಚಿಕೊಳ್ಳುತ್ತವೆ. ನಿಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಗದ್ದೆಯ ತೇವ ಬೇರೆ. ಲಿವರ್ ಮೇಲೆ ನಿಂತು ಕುಣಿಯಬೇಡಿ. ಗೆಳೆಯರನ್ನು ಕರೆದು ತಳ್ಳಿಸಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಒಣ ಬೋರಿನಲ್ಲಿ ರಿಂಗ್ ಎಳೆದರೆ ಗೀರು ಬೀಳುತ್ತದೆ, ಆಮೇಲೆ ಲೇತಿಗೆ ಹೋಗಿ ಬೋರನ್ನು ಕೊರೆಸಿ ದೊಡ್ಡದು ಮಾಡಿಸಬೇಕಾಗುತ್ತದೆ.

ಮೊದಲು ಡೀಸೆಲ್ ಮತ್ತು ಬ್ರಶ್ ತೆಗೆದುಕೊಂಡು ಎಂಜಿನ್ ಹೊರಗೆಲ್ಲ ತೊಳೆಯಿರಿ. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಸುತ್ತಲಿನ ಮಣ್ಣು, ಹೊಟ್ಟು ಒಳಗೆ ಬೀಳಬಾರದು. ಪ್ಲಗ್ ಬಿಚ್ಚಿ. ಅರ್ಧ ಎಂಜಿನ್ ಆಯಿಲ್, ಅರ್ಧ ಡೀಸೆಲ್ ಕಲಸಿ, ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ, ನಾಲ್ಕೈದು ಚಮಚದಷ್ಟು ಒಳಗೆ ಬಿಡಿ. ಇಲ್ಲಿ ಒಂದು ವಿಷಯ. ಈ ಬೈಕಿನ ಸಿಲಿಂಡರ್ ಬುಲೆಟ್‌ನ ಹಾಗೆ ನಿಂತಿಲ್ಲ, ಮುಂದಕ್ಕೆ ಮಲಗಿದೆ. ಸುಮ್ನೆ ಸುರಿದರೆ ಎಣ್ಣೆ ಹೆಡ್ ಕಡೆಯೇ, ಅಂದರೆ ಸಿಲಿಂಡರಿನ ಮುಚ್ಚಳದ ಕಡೆಯೇ ನಿಲ್ಲುತ್ತದೆ, ರಿಂಗಿಗೆ ತಲುಪುವುದಿಲ್ಲ. ಮುಂದಿನ ಗಾಲಿಯ ಕೆಳಗೆ ಇಟ್ಟಿಗೆ ಜೋಡಿಸಿ ಬೈಕಿನ ಮೂತಿಯನ್ನು ಚೆನ್ನಾಗಿ ಎತ್ತಿ. ಬೀಳದ ಹಾಗೆ ಕಂಬಕ್ಕೆ ಕಟ್ಟಿ. ಮೂರ್ನಾಲ್ಕು ದಿನ ಹಾಗೇ ಬಿಡಿ, ನಡುವೆ ಇನ್ನಷ್ಟು ಎಣ್ಣೆ ಬಿಡಿ. ಆಮೇಲೆ ಇಳಿಸಿ, ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಗಾಲಿಯನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲ್ಲಾಡಿದರೂ ಗೆದ್ದಿರಿ. ವಾರ ಕಳೆದರೂ ಕದಲದಿದ್ದರೆ ಹೆಡ್ಡು, ಸಿಲಿಂಡರ್ ಬ್ಲಾಕು ಬಿಚ್ಚಲೇಬೇಕು. ಅದನ್ನು ಮೊದಲ ಸಲ ಒಬ್ಬರೇ ಮಾಡಬೇಡಿ. ಒಬ್ಬ ಹಳೆ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಪಕ್ಕದಲ್ಲಿ ಕೂತು ನೋಡಿ.

ಹೆದರಬೇಡಿ, ಸಾಮಾನು ಸಿಗುತ್ತದೆ. ಸಿಡಿ 100 ಬಂದದ್ದು 1985ರಲ್ಲಿ, ಸ್ಪ್ಲೆಂಡರ್ 1994ರಲ್ಲಿ. ಎರಡಕ್ಕೂ ಅದೇ 97.2 ಸಿಸಿ ಎಂಜಿನ್ ಮೂಲ. ಹಾಗಾಗಿ ರಿಂಗು, ಪಿಸ್ಟನ್, ಕ್ಲಚ್ ಪ್ಲೇಟು ಅಂತ ಕೇಳಿದರೆ ಸಿಂಧನೂರಿನ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಬಾಯಲ್ಲಿ ಮಾಡೆಲ್ ಹೆಸರು ಹೇಳಿ ತರಬೇಡಿ. ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ, ಆಮೇಲೆ ದುಡ್ಡು ಕೊಡಿ.

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಈಗ ಬೆಲ್ಲದ ಪಾಕದಂತೆ ಅಂಟಾಗಿರುತ್ತದೆ. ಅದನ್ನು ಬಯಲಲ್ಲಿ ಖಾಲಿ ಮಾಡಿ, ಹತ್ತಿರ ಬೀಡಿ ಹೊತ್ತಿಸುವವರು ಇರಬಾರದು. ಒಳಗಿನ ತುಕ್ಕಿಗೆ ಬಿಳಿ ವಿನೆಗರ್ ತುಂಬಿಸಿ ಒಂದು ದಿನ ಇಡಿ. ಒಂದು ಹಿಡಿ ಸಣ್ಣ ನಟ್ಟು ಹಾಕಿ ಕುಲುಕಿ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು ನಮ್ಮ ಏಪ್ರಿಲ್ ಬಿಸಿಲಿಗೆ ಇಟ್ಟರೆ ಮಧ್ಯಾಹ್ನದೊಳಗೆ ಒಣಗುತ್ತದೆ. ಒಣಗಿದ ತಕ್ಷಣ ಸ್ವಲ್ಪ ಎಣ್ಣೆ ಸುತ್ತಾಡಿಸಿ, ಇಲ್ಲವಾದರೆ ಸಂಜೆಗೆ ಮತ್ತೆ ಕೆಂಪಾಗುತ್ತದೆ. ಕಕ್ಕಸು ತೊಳೆಯುವ ಆ್ಯಸಿಡ್ ಹಾಕುವವರಿದ್ದಾರೆ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ. ತೂತು ಬಿದ್ದಿದ್ದರೆ ನೀವೇ ವೆಲ್ಡಿಂಗ್ ಮಾಡಿಸುವ ಸಾಹಸ ಬೇಡ. ಖಾಲಿ ಟ್ಯಾಂಕಿನೊಳಗೆ ಉಳಿದ ಪೆಟ್ರೋಲ್ ಆವಿಗೆ ಕಿಡಿ ತಾಗಿದರೆ ಬಾಂಬ್ ಸಿಡಿದ ಹಾಗೇ. ಅದು ಗೊತ್ತಿರುವವರ ಕೈಯಲ್ಲೇ ಆಗಬೇಕು.

ಕಾರ್ಬುರೇಟರ್ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗಳು ಹಿತ್ತಾಳೆಯವು. ತೂತಿಗೆ ಸೂಜಿ, ಉಕ್ಕಿನ ತಂತಿ ಚುಚ್ಚಬೇಡಿ, ದೊಡ್ಡದಾದರೆ ಮೈಲೇಜ್ ಹೋಯ್ತು. ಕರೆಂಟ್ ವೈರಿನ ಒಂದು ತಾಮ್ರದ ಎಳೆ ಸಾಕು. ರಬ್ಬರ್ ಪೈಪ್, ಗ್ಯಾಸ್ಕೆಟ್, ಫ್ಲೋಟ್ ಪಿನ್ ಹೊಸದು ಹಾಕಿ. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಇರುತ್ತದೆ. ಅದು ಹಳೆ ರಬ್ಬರಿಗೆ ಆಗಿಬರುವುದಿಲ್ಲ, ನೀರನ್ನೂ ಎಳೆದುಕೊಳ್ಳುತ್ತದೆ. ಬೈಕು ರೆಡಿಯಾದ ಮೇಲೂ ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿಸಿ ನಿಲ್ಲಿಸಬೇಡಿ.

ಸ್ಟಾರ್ಟ್ ಆಗಲು ಬ್ಯಾಟರಿ ಬೇಕಿಲ್ಲ. ಎಂಜಿನ್ ತಿರುಗಿದಾಗ ಮ್ಯಾಗ್ನೆಟ್ ಹುಟ್ಟಿಸುವ ಕರೆಂಟಿನಲ್ಲೇ ಕಿಡಿ ಬರುತ್ತದೆ. ಆದ್ದರಿಂದ ಬ್ಯಾಟರಿ ಖರೀದಿಯನ್ನು ಮುಂದೂಡಿ. ಕಿಡಿ ಬರದಿದ್ದರೆ ಇಲಿ ಕಡಿದ ವೈರು ಹುಡುಕಿ. ಭತ್ತದ ಚೀಲ ಇದ್ದ ಜಾಗ ಅಂದಿರಿ, ಇಲಿ ಇಲ್ಲದೆ ಇರುತ್ತದಾ? ಸಣ್ಣ ಮಲ್ಟಿಮೀಟರ್ ಕೊಳ್ಳಿ. ಇಡೀ ವೈರಿಂಗ್ ಬದಲಾಯಿಸುವ ಮಾತನ್ನು ಈಗಲೇ ಕೇಳಬೇಡಿ.

ಎಂಜಿನ್ ಆಯಿಲ್ ಒಂದು ಲೀಟರ್‌ಗಿಂತ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಹಳೆಯದನ್ನು ಇಳಿಸಿ ಹೊಸದು ಹಾಕಿ, ಸ್ವಲ್ಪ ದಿನ ಓಡಿಸಿ, ಮತ್ತೆ ಇಳಿಸಿ. ಬಲಗಡೆ ಕ್ಲಚ್ ಕವರ್ ಒಳಗೆ ಆಯಿಲ್ ಜಾಲರಿ ಇದೆ. ಎಷ್ಟೋ ಮೆಕ್ಯಾನಿಕ್‌ಗಳು ಅದನ್ನು ತೆಗೆದು ತೊಳೆಯುವುದೇ ಇಲ್ಲ. ಕವರಿನ ಸ್ಕ್ರೂ ಬಿಚ್ಚಲು ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ತನ್ನಿ. ಮನೆಯ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದು ಸ್ಕ್ರೂ ಅಲ್ಲೇ ಉಳಿಯುತ್ತದೆ.

ಎಂಜಿನ್ ‘ಟಗ್ ಟಗ್’ ಅಂದ ದಿನವೇ ಮೇನ್ ರೋಡಿಗೆ ಹೋಗಬೇಡಿ. ಆ ರೋಡಿನಲ್ಲಿ ಭತ್ತದ ಲಾರಿಗಳು ಹೇಗೆ ಓಡುತ್ತವೆ ಅಂತ ನಿಮಗೇ ಗೊತ್ತು. ಎರಡೂ ಗಾಲಿಯ ಬ್ರೇಕ್ ಡ್ರಮ್ ಬಿಚ್ಚಿ ನೋಡಿ. ಹಳೆ ಶೂಗಳ ಲೈನಿಂಗ್ ಅಂಟು ಬಿಟ್ಟು ಚಿಪ್ಪಿನಂತೆ ಎದ್ದು ಬರುತ್ತದೆ, ಓಡುವಾಗ ಎದ್ದರೆ ಗಾಲಿಯೇ ಜಾಮ್. ಹೊಸ ಶೂ, ಹೊಸ ಬ್ರೇಕ್ ಕೇಬಲ್, ಹೊಸ ಕ್ಲಚ್ ಕೇಬಲ್. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಹಳೆ ಲೈನಿಂಗಿನಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಆ್ಯಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ಟೈರಿನ ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷದ ಅಂಕಿ ಇರುತ್ತದೆ. 2312 ಅಂತಿದ್ದರೆ 2012ರ 23ನೇ ವಾರ. ಮೇಲಿನ ಗೀಟು (ಟ್ರೆಡ್) ಎಷ್ಟೇ ಚೆನ್ನಾಗಿರಲಿ, ಅಂಥ ಟೈರನ್ನು ಎತ್ತಿನಗಾಡಿಗೂ ಹಾಕಬೇಡಿ.

ಖರ್ಚಿನ ಅಂದಾಜು ಬೇಕಲ್ವಾ? ಎರಡು ಟೈರು ಟ್ಯೂಬಿಗೆ ಸುಮಾರು ನಾಲ್ಕು ಸಾವಿರ. ಚೈನು ಸ್ಪ್ರಾಕೆಟ್ಟಿಗೆ ಸಾವಿರದ ಆಚೀಚೆ. ಅದನ್ನು ಸೆಟ್ ಆಗಿಯೇ ಬದಲಾಯಿಸಿ. ಶೂ, ಕೇಬಲ್ಲು, ಪ್ಲಗ್ಗು, ಆಯಿಲ್, ಕಾರ್ಬುರೇಟರ್ ಕಿಟ್ ಎಲ್ಲ ಸೇರಿ ಎರಡೂವರೆಯಿಂದ ಮೂರು. ಸ್ಪ್ಯಾನರ್ ಸೆಟ್ಟು, ಮಲ್ಟಿಮೀಟರ್‌ಗೆ ಒಂದೂವರೆ. ಬ್ಯಾಟರಿ ಸಾವಿರ. ಉಳಿದದ್ದು ಆರ್‌ಟಿಓ ಚೀಟಿಗೆ. ಎಂಜಿನ್ ಬಿಚ್ಚಬೇಕಾಗಿ ಬಂದರೆ ಬಜೆಟ್ ಹರಿಯುತ್ತದೆ. ಆಗ ಕೆಲಸ ನಿಲ್ಲಿಸಿ, ಮುಂದಿನ ಸುಗ್ಗಿಯವರೆಗೆ ಕಾಯಿರಿ. ಸಾಲ ಮಾಡಿ ಹಳೆ ಬೈಕು ರಿಪೇರಿ ಮಾಡುವುದು ನನಗೆ ಹಿಡಿಸದ ವಿಷಯ. ಬೇಡ ಅಂದರೆ ಬೇಡ.

ಸೀಟು ಮಾತ್ರ ಬೇಗ ಹೊಲಿಸಿಕೊಳ್ಳಿ. ಕೋಳಿ ಕೂತ ಸೀಟಿನ ವಾಸನೆ ತೊಳೆದರೆ ಹೋಗುವುದಿಲ್ಲ.

ಪ್ರಶ್ನೆ: ಆರ್‌ಎಕ್ಸ್ 100 ಒಂದು 45 ಸಾವಿರಕ್ಕೆ ಬಂದಿದೆ. ‘2001ರ ಮಾಡೆಲ್, ಆರ್‌ಸಿ ಕಳೆದಿದೆ, ಆಮೇಲೆ ಮಾಡಿಸಿ ಕೊಡ್ತೀವಿ’ ಅನ್ನುತ್ತಾರೆ. ಸೌಂಡ್ ಸೂಪರ್ ಇದೆ. ತಗೊಳ್ಳಲಾ?
– ಓದುಗ, ಸಿರುಗುಪ್ಪ

ಉತ್ತರ: ಯಮಹಾ ಆರ್‌ಎಕ್ಸ್ 100 ತಯಾರಿಕೆ 1996ರಲ್ಲೇ ನಿಂತಿತು. 2001ರಲ್ಲಿ ಹುಟ್ಟಿದ ಆರ್‌ಎಕ್ಸ್ 100 ಅನ್ನುವುದೇ ಇಲ್ಲ. ಅದು ಆರ್‌ಎಕ್ಸ್ 135ಕ್ಕೆ ಟ್ಯಾಂಕು, ಸ್ಟಿಕ್ಕರ್ ಬದಲಾಯಿಸಿದ್ದಿರಬಹುದು, ಇಲ್ಲವೇ ಎರಡು ಮೂರು ಬೈಕು ಸೇರಿಸಿ ಮಾಡಿದ್ದು. ಆರ್‌ಸಿ ನಿಜವಾಗಿ ಕಳೆದಿದ್ದರೆ ಮಾಲೀಕರೇ ಪೊಲೀಸ್ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಪಡೆಯಬಹುದು. ಮೊದಲು ಅದನ್ನು ಮಾಡಿಸಲಿ, ಆಮೇಲೆ ನೀವು ಜೇಬಿಗೆ ಕೈ ಹಾಕಿ. ಎಂಜಿನ್ ನಂಬರಿನ ಜಾಗದಲ್ಲಿ ಉಜ್ಜಿದ ಗುರುತು, ಸೊಟ್ಟ ಅಂಕಿ ಕಂಡರೆ ಆ ಕಡೆ ತಿರುಗಿಯೂ ನೋಡಬೇಡಿ. ಕದ್ದ ಮಾಲು ಕೊಂಡವರನ್ನೂ ಸ್ಟೇಷನ್ನಿಗೆ ಕರೆಯುತ್ತಾರೆ. ಸೌಂಡ್ ಸೂಪರ್ ಅಂದರೆ ಸೈಲೆನ್ಸರ್ ಒಳಗಿನ ಕೊಳವೆ ಕಿತ್ತಿದ್ದಾರೆ, ಅಷ್ಟೇ.

ಪ್ರಶ್ನೆ: ಮಾವನವರ ಎಜ್ಡಿ ಬೈಕು ಮನೆಯಲ್ಲಿದೆ. ನಾನೇ ಓಡಿಸಬೇಕು ಅಂತಿದ್ದೇನೆ. ಆದರೆ ಕಿಕ್ ಲಿವರ್ ಕಾಣುತ್ತಿಲ್ಲ, ಯಾರೋ ಬಿಚ್ಚಿಕೊಂಡು ಹೋಗಿರಬೇಕು. ಹೊಸದು ಎಲ್ಲಿ ಸಿಗುತ್ತದೆ? ಪೆಟ್ರೋಲಿಗೆ ಆಯಿಲ್ ಎಷ್ಟು ಹಾಕಬೇಕು?
– ಶಿಕ್ಷಕಿ, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ಮೇಡಂ, ಯಾರೂ ಕದ್ದಿಲ್ಲ. ನಿಮ್ಮ ಎಜ್ಡಿ ತಯಾರಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳಲ್ಲಿ ಗೇರ್ ಲಿವರೇ ಕಿಕ್ ಲಿವರ್. ಎಡಗಡೆಯ ಗೇರ್ ಲಿವರನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ, ಕಿಕ್ ಆಗುತ್ತದೆ. ಸ್ಟಾರ್ಟ್ ಆದ ಮೇಲೆ ಮತ್ತೆ ಕೆಳಗಿಳಿಸಿದರೆ ಗೇರು. ತುಕ್ಕಿನಿಂದ ಬಿಗಿಯಾಗಿದ್ದರೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಟೂ ಸ್ಟ್ರೋಕ್ ಬೈಕು, ಆದ್ದರಿಂದ ಪೆಟ್ರೋಲಿಗೆ ಕಲಸುವ 2ಟಿ ಆಯಿಲ್ ಕಡ್ಡಾಯ. ಲೀಟರಿಗೆ 40 ಮಿಲಿಯಿಂದ ಶುರು ಮಾಡಿ. ಹೊಗೆ ಸ್ವಲ್ಪ ಜಾಸ್ತಿ ಬಂದರೂ ಪರವಾಗಿಲ್ಲ, ಎಂಜಿನ್ ಉಳಿಯುತ್ತದೆ. ಬಂಕಿನಲ್ಲಿ ಈಗ ಆಯಿಲ್ ಕಲಸಿ ಕೊಡುವವರು ಸಿಗುವುದು ಕಷ್ಟ. ಮಗುವಿಗೆ ಸಿರಪ್ ಕೊಡುವ ಅಳತೆ ಲೋಟ ಒಂದನ್ನು ಸೈಡ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಸಾಮಾನು ಮಾಡುವವರು ಇದ್ದಾರೆ, ಚಿಂತೆ ಬೇಡ.

ಪ್ರಶ್ನೆ: ಹ್ಯಾಂಡಲ್ಲು, ರಿಮ್ಮಿನ ಕ್ರೋಮ್ ಮೇಲೆ ತುಕ್ಕಿನ ಚುಕ್ಕೆ. ಮರಳು ಕಾಗದ ಹಾಕಲಾ?
– ಓದುಗ, ಸಂಡೂರು

ಉತ್ತರ: ಹಾಕಿದರೆ ಇರುವ ಕ್ರೋಮೂ ಹೋಗುತ್ತದೆ. ಚಪಾತಿ ಸುತ್ತುವ ಅಲ್ಯುಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಮೆಲ್ಲಗೆ ತಿಕ್ಕಿ. ಅದಕ್ಕೂ ಮುಂಚೆ ಗಣಿ ಲಾರಿಗಳ ಕೆಂಪು ಧೂಳನ್ನು ಧಾರಾಳ ನೀರಿನಿಂದ ತೊಳೆಯಿರಿ. ಆ ಧೂಳೇ ಮರಳು ಕಾಗದದ ಕೆಲಸ ಮಾಡುತ್ತದೆ. ಒಣಗಿಸಿ ವ್ಯಾಕ್ಸ್ ಹಚ್ಚಿ. ಕ್ರೋಮ್ ಸಿಪ್ಪೆಯಂತೆ ಎದ್ದಿದ್ದರೆ ಫಾಯಿಲ್‌ನಿಂದ ಏನೂ ಆಗದು. ಮತ್ತೆ ಕ್ರೋಮ್ ಮಾಡಿಸುವುದು ದುಬಾರಿ, ಕಪ್ಪು ಬಣ್ಣ ಹೊಡೆಸಿ. ಸ್ಪೋಕ್ ಮತ್ತು ನಿಪ್ಪಲ್‌ಗೆ ತುಕ್ಕು ಹಿಡಿದಿದ್ದರೆ ಮಾತ್ರ ಪಾಲಿಶ್ ಬಿಟ್ಟು ಹೊಸ ಸ್ಪೋಕ್ ಕಟ್ಟಿಸಿ.