ತಾಳಿಕೋಟೆ ಯುದ್ಧ ಧರ್ಮಕ್ಕೋ, ನೆಲಕ್ಕೋ? ನಮ್ಮ ಕಡೆ ಜನ ಏನಂತಾರೆ?

ಟಿವಿಯಲ್ಲಿ ಒಬ್ಬರು ಇದನ್ನು ಧರ್ಮಯುದ್ಧ ಅಂದರು, ಇನ್ನೊಬ್ಬರು ಬರೀ ರಾಜಕೀಯ ಅಂದರು, ಹಾಗಾದರೆ ಯುದ್ಧ ನಡೆದ ಜಾಗದ ಜನ ಏನಂತಾರೆ ಅಂತ ಕೇಳಿದ್ದೀರಿ. ನಾನು ಇತಿಹಾಸದ ಮೇಷ್ಟ್ರಲ್ಲ. ಮುದ್ದೇಬಿಹಾಳ ತಾಲೂಕಿನವನು, ತಂಗಡಗಿ ನನ್ನ ಸೋದರಮಾವನ ಊರು. ಈಗ ವಿಜಯಪುರದಲ್ಲಿ ಕೆಲಸ. ಓದಿದ್ದು, ಕೇಳಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಜಾಗದ ವಿಷಯ. ವಿಜಯನಗರಕ್ಕೂ ದಖ್ಖನಿನ ಸುಲ್ತಾನರಿಗೂ ಆದ ಈ ಯುದ್ಧ ತಾಳಿಕೋಟೆಯಲ್ಲಿ ನಡೆಯಲೇ ಇಲ್ಲ. ತಾಳಿಕೋಟೆ ಇರುವುದು ಡೋಣಿ ನದಿಯ ಮೇಲೆ. 1564ರ ಡಿಸೆಂಬರಿನಲ್ಲಿ ಸುಲ್ತಾನರ ದಂಡು ಅಲ್ಲಿ ಸೇರಿತು, ಅದಕ್ಕೇ ಆ ಹೆಸರು ಅಂಟಿಕೊಂಡಿತು. ಹೊಡೆದಾಟ ಆಗಿದ್ದು 1565ರ ಜನವರಿ 23ರಂದು, ಅಲ್ಲಿಂದ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ, ಕೃಷ್ಣಾ ಹೊಳೆಯ ಆಸುಪಾಸಿನಲ್ಲಿ. ರಕ್ಕಸಗಿ, ತಂಗಡಗಿ ಅಂತ ಊರುಗಳಿವೆ. ಎರಡನ್ನೂ ಸೇರಿಸಿ ರಕ್ಕಸತಂಗಡಗಿ ಯುದ್ಧ ಅನ್ನುತ್ತೇವೆ. ಹೊಳೆ ದಾಟಿದರೆ ಹುನಗುಂದ ತಾಲೂಕು, ಬಾಗಲಕೋಟೆ ಜಿಲ್ಲೆ.

ಒಂದು ಮಾತು ನಿಮಗೆ ನಿರಾಸೆ ಆಗಬಹುದು. ತಂಗಡಗಿಗೆ ಬರುವ ಹತ್ತು ಜನರಲ್ಲಿ ಯುದ್ಧದ ಬಗ್ಗೆ ಕೇಳುವವರು ಒಬ್ಬರೂ ಸಿಗುವುದು ಕಷ್ಟ. ಅಲ್ಲಿ ನೀಲಮ್ಮನ ಐಕ್ಯಸ್ಥಳ ಇದೆ. ಬಸವಣ್ಣನ ಮಡದಿ ನೀಲಮ್ಮ. ಈಚೆ ನೀಲಮ್ಮ, ಆಚೆ ಕೂಡಲಸಂಗಮ. ಜನ ಕಾಯಿ ಒಡೆಸಿ, ಹೊಳೆಗೆ ಕೈ ಮುಗಿದು ಹೋಗುತ್ತಾರೆ. ಒಂದು ಸಾಮ್ರಾಜ್ಯ ಬಿದ್ದ ಜಾಗ ಅಂತ ಯಾರೂ ಮುಖ ಸಪ್ಪೆ ಮಾಡಿಕೊಂಡು ನಿಲ್ಲುವುದಿಲ್ಲ.

ಆದರೂ ಕೆದಕಿದರೆ ಮಾತು ಬರುತ್ತದೆ. ನನ್ನ ಮಾವನನ್ನು ಕೇಳಿದ್ದೆ. ಅವರು ಓದಿದ್ದು ನಾಲ್ಕನೇ ಇಯತ್ತೆ. ‘ಅದೇನ್ ದೇವ್ರ ಜಗಳ ಅಲ್ಲೋ ತಮ್ಮಾ, ಬದುವಿನ ಜಗಳ. ನಡುವಿನ ಎರೀ ಹೊಲ ಯಾರದು ಅಂತ. ನಮ್ಮೂರಾಗ ಈಗೂ ನಡ್ಯಾಕತ್ತೈತಲ್ಲ, ಹಂಗ’ ಅಂದರು. ನಾನು ಆಮೇಲೆ ಎಷ್ಟು ಓದಿದರೂ ಇದಕ್ಕಿಂತ ಚೆನ್ನಾಗಿ ಹೇಳಿದವರು ಸಿಗಲಿಲ್ಲ.

ನಡುವಿನ ಹೊಲ ಅಂದರೆ ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ನೆಲ. ಹಳೆಯ ಕನ್ನಡದಲ್ಲಿ ಎಡೆದೊರೆ ನಾಡು. ರಾಯಚೂರು, ಮುದಗಲ್ ಕೋಟೆಗಳು ಅಲ್ಲೇ ಇವೆ. ಬಹಮನಿಗಳ ಕಾಲದಿಂದ ಈ ನೆಲಕ್ಕೆ ಹೊಡೆದಾಟ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ. ಆಮೇಲೆ ಅದು ವಿಜಯಪುರದ ಆದಿಲ್‌ಶಾಹಿಗಳ ಕೈಗೆ ಹೋಯಿತು. ಮತ್ತೆ ವಿಜಯನಗರದ ಆಡಳಿತ ಹಿಡಿದಿದ್ದ ರಾಮರಾಯನ ಕಡೆಗೆ ಬಂತು. 1564ರಲ್ಲಿ ಯುದ್ಧಕ್ಕೆ ನೆಪ ಆದದ್ದೂ ಇದೇ. ವಿಜಯಪುರದ ಅಲಿ ಆದಿಲ್‌ಶಾಹ ದೂತನನ್ನು ಕಳಿಸಿ ಕೋಟೆ ವಾಪಸ್ ಕೊಡು ಅಂದ. ರಾಮರಾಯ ದೂತನನ್ನು ಬೈದು ಅಟ್ಟಿದ.

ಹಾಗಂತ ಬರೀ ನೆಲದ ಲೆಕ್ಕ ಅಂತ ಮುಗಿಸಲೂ ಆಗುವುದಿಲ್ಲ. ನನಗೆ ಬಹಳ ಹಿಡಿಸಿದ್ದು ಬೇರೆ ಒಂದು ಸಂಗತಿ. ವಿಜಯಪುರದ ಆಸ್ಥಾನದಲ್ಲಿ ಕೂತು ಇತಿಹಾಸ ಬರೆದ ಫೆರಿಷ್ತಾ ಇದನ್ನು ಹೇಳುತ್ತಾನೆ. 1558ರ ಸುಮಾರು. ರಾಮರಾಯನ ಮಗ ತೀರಿಕೊಂಡ. ಆಗಷ್ಟೇ ಪಟ್ಟಕ್ಕೆ ಬಂದಿದ್ದ ಅಲಿ ಆದಿಲ್‌ಶಾಹ ನೂರೇ ಕುದುರೆ ಸವಾರರನ್ನು ಕಟ್ಟಿಕೊಂಡು ವಿಜಯನಗರಕ್ಕೆ ಹೋದ, ದುಃಖ ಕೇಳಲು. ಶತ್ರುವಿನ ಊರಿಗೆ, ಅಷ್ಟು ಸಣ್ಣ ದಂಡಿನೊಂದಿಗೆ! ರಾಮರಾಯನ ಹೆಂಡತಿ ಅವನನ್ನು ಮಗ ಅಂತ ಕರೆದಳು. ಎಲ್ಲಾ ಚೆನ್ನಾಗಿಯೇ ಆಯಿತು. ಆದರೆ ವಾಪಸ್ ಹೊರಟಾಗ ರಾಮರಾಯ ಕಳಿಸಿಕೊಡಲು ಜೊತೆಗೆ ಬರಲಿಲ್ಲ. ಅದು ಅಲಿಯ ಮನಸ್ಸಿಗೆ ಚುಚ್ಚಿತು.

ಬೇರೆ ಕಡೆಯವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಕಡೆ ಹಾಗಲ್ಲ. ಬೀಗರು ಹೊರಟರೆ ಅಗಸಿಯ, ಅಂದರೆ ಊರಬಾಗಿಲ ತನಕ ಹೋಗಿ ಕಳಿಸಬೇಕು. ಹೋಗದಿದ್ದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಈ ಕತೆಯನ್ನು ಮಾವನಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚುವುದನ್ನೇ ನಿಲ್ಲಿಸಿದರು. ‘ಅಗಸೀಗೂ ಬರ್ಲಿಲ್ಲಾ? ಹಂಗಾದ್ರ ತಪ್ಪು ಮುದುಕಂದ’ ಅಂದುಬಿಟ್ಟರು. ತೀರ್ಪು ಆಗಿಹೋಯಿತು!

ಮುದುಕ ಅಂದದ್ದು ಸರಿಯೇ. ಯುದ್ಧದ ಹೊತ್ತಿಗೆ ರಾಮರಾಯನಿಗೆ ಎಂಬತ್ತರ ಹತ್ತಿರ ವಯಸ್ಸು ಅಂತ ಹೇಳುತ್ತಾರೆ. ಸಿಂಹಾಸನದ ಮೇಲೆ ಸದಾಶಿವರಾಯ, ಅಧಿಕಾರ ಮಾತ್ರ ಪೂರ್ತಿ ಇವನ ಕೈಯಲ್ಲಿ. ಇಪ್ಪತ್ತು ವರ್ಷ ಒಂದೇ ಆಟ ಆಡಿದ: ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬನನ್ನು ಹೊಡೆಯುವುದು. ಇವತ್ತು ಅಹಮದ್‌ನಗರದ ಜೊತೆ ಸೇರಿ ವಿಜಯಪುರದ ಮೇಲೆ, ನಾಳೆ ವಿಜಯಪುರದ ಜೊತೆ ಸೇರಿ ಅಹಮದ್‌ನಗರದ ಮೇಲೆ. ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ, ರಾಮರಾಯನ ಅನ್ನ ಉಂಡವನು. ಅವನೂ ಕೊನೆಗೆ ಎದುರು ನಿಂತ. ನಾಲ್ವರು ಸುಲ್ತಾನರು ಒಂದಾಗಿದ್ದು ದೊಡ್ಡ ಆಶ್ಚರ್ಯವಲ್ಲ. ಇಷ್ಟು ತಡವಾಗಿ ಒಂದಾಗಿದ್ದು ಆಶ್ಚರ್ಯ. ಒಂದಾಗಲು ಬೀಗತನವನ್ನೂ ಮಾಡಿಕೊಂಡರು. ಅಹಮದ್‌ನಗರದ ಹುಸೇನ್ ನಿಜಾಮ್‌ಶಾಹ ತನ್ನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟ, ಬಳುವಳಿಯಾಗಿ ಸೊಲ್ಲಾಪುರದ ಕೋಟೆ. ಆ ಕೋಟೆಗಾಗಿ ಎರಡು ಮನೆತನ ವರ್ಷಗಟ್ಟಲೆ ಕಿತ್ತಾಡಿದ್ದವು.

ಧರ್ಮದ ಮಾತೇ ಇರಲಿಲ್ಲ ಅಂದರೆ ಅದೂ ಸುಳ್ಳು. ಅಹಮದ್‌ನಗರದ ದಂಡಯಾತ್ರೆಯಲ್ಲಿ ರಾಮರಾಯನ ಸೈನ್ಯ ಮಸೀದಿಗಳಿಗೆ ಅವಮಾನ ಮಾಡಿತು ಅಂತ ಫೆರಿಷ್ತಾ ಬರೆದಿದ್ದಾನೆ. ಆದರೆ ಅವನು ಬರೆದದ್ದು ಯುದ್ಧ ಆಗಿ ಸುಮಾರು ನಲವತ್ತು ವರ್ಷದ ಮೇಲೆ, ಗೆದ್ದವರ ಮನೆಯಲ್ಲಿ ಕೂತು. ಇನ್ನೊಂದು ಕಡೆ ನೋಡಿದರೆ ಆ ದಂಡಯಾತ್ರೆಯಲ್ಲಿ ರಾಮರಾಯನ ಪಕ್ಕದಲ್ಲೇ ವಿಜಯಪುರದ ಸೈನ್ಯವೂ ಇತ್ತು. ವಿಜಯನಗರದ ದಂಡಿನಲ್ಲಿ ಎರಡನೇ ದೇವರಾಯನ ಕಾಲದಿಂದಲೂ ಮುಸ್ಲಿಂ ಸೈನಿಕರಿದ್ದರು. ಆದಿಲ್‌ಶಾಹನ ಕಡೆ ಮರಾಠಾ ಸರದಾರರಿದ್ದರು. ದಂಡು ಕೂಡಿಸುವಾಗ ದೇವರ ಹೆಸರು ಕೆಲಸಕ್ಕೆ ಬರುತ್ತದೆ, ಅದು ಆಗಲೂ ಹಾಗೇ, ಈಗಲೂ ಹಾಗೇ. ನನ್ನ ಲೆಕ್ಕದಲ್ಲಿ ಅದು ಕಾರಣ ಅಲ್ಲ, ಕರೆ.

ಗಿಲಾನಿ ಸಹೋದರರು ಮೋಸ ಮಾಡಿದ್ದರಿಂದ ಸೋತೆವು ಅನ್ನುವ ಕತೆಯನ್ನೂ ನೀವು ಕೇಳಿರಬಹುದು. ವಿಜಯನಗರದ ದಂಡಿನ ಇಬ್ಬರು ಮುಸ್ಲಿಂ ಸೇನಾಪತಿಗಳು ಪಕ್ಷ ಬದಲಿಸಿದರು ಅನ್ನುವ ಮಾತು ಇಟಲಿಯ ಪ್ರವಾಸಿ ಸೀಸರ್ ಫ್ರೆಡರಿಕ್‌ನಿಂದ ಬಂದದ್ದು. ಅವನು 1567ರಲ್ಲಿ ಹಾಳು ಹಂಪಿಯನ್ನು ನೋಡಿದವನು. ಆದರೆ ಫೆರಿಷ್ತಾ ಈ ಮೋಸದ ಮಾತು ಎತ್ತುವುದಿಲ್ಲ. ಸೋತ ಮನೆಯಲ್ಲಿ ಇಂಥ ಕತೆ ಬೇಗ ಹುಟ್ಟುತ್ತದೆ, ಅಲ್ವಾ?

ಇನ್ನು ವಿಜಯಪುರದ ಊರೊಳಗಿನ ಮಾತು ಬೇರೆಯೇ. ಇಲ್ಲಿ ಮಲಿಕ್-ಎ-ಮೈದಾನ್ ತೋಪು ಇದೆ, ಸುಮಾರು ಹದಿನಾಲ್ಕು ಅಡಿ ಉದ್ದ. ಬಾಯಿಯಲ್ಲಿ ಒಂದು ಸಿಂಹದ ಮುಖ, ಅದರ ಹಲ್ಲಿನ ನಡುವೆ ಆನೆ. ಬಿಸಿಲಿನಲ್ಲೂ ಕೈಗೆ ತಣ್ಣಗೆ ಹತ್ತುತ್ತದೆ. ಹೋದ ಸಲ ನೆಂಟರನ್ನು ಕರೆದುಕೊಂಡು ಹೋದಾಗ ಒಬ್ಬರು ಜೋರಾಗಿ ವಿವರಿಸುತ್ತಿದ್ದರು: ಈ ತೋಪೇ ತಾಳಿಕೋಟೆ ಯುದ್ಧ ಗೆದ್ದದ್ದು, ಆ ಆನೆ ಅಂದರೆ ವಿಜಯನಗರ, ಸಿಂಹ ಅಂದರೆ ಸುಲ್ತಾನರು. ಸುತ್ತ ನಿಂತವರು ತಲೆ ಆಡಿಸಿದರು. ಒಬ್ಬರಿಗೆ ಹೆಮ್ಮೆ, ಇನ್ನೊಬ್ಬರಿಗೆ ಸಿಟ್ಟು, ಕತೆ ಮಾತ್ರ ಇಬ್ಬರಿಗೂ ಒಂದೇ.

ನನಗೆ ಸುಮ್ನೆ ಇರಲಾಗಲಿಲ್ಲ. ಈ ತೋಪು ಎರಕ ಹೊಯ್ದದ್ದು 1549ರಲ್ಲಿ, ಅಹಮದ್‌ನಗರದಲ್ಲಿ. ವಿಜಯಪುರಕ್ಕೆ ಬಂದದ್ದೇ 1632ರಲ್ಲಿ. 1549ರಲ್ಲಿ ಅಹಮದ್‌ನಗರ ರಾಮರಾಯನ ದೋಸ್ತಿಯಲ್ಲಿತ್ತು, ಇಬ್ಬರ ಕಣ್ಣೂ ವಿಜಯಪುರದ ಮೇಲೆ. ಹಾಗಿದ್ದಾಗ ಆ ಆನೆ ವಿಜಯನಗರ ಹೇಗಾಗುತ್ತದೆ? ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀವು ಯಾವ ಕಡೆಯವ್ರು?’ ಅಂದರು. ತೋಪಿನ ಬಗ್ಗೆ ಕೇಳಿದರೆ ಅಡ್ಡಹೆಸರು ಕೇಳುವ ಕಾಲ. ಮುದ್ದೇಬಿಹಾಳದ ಕಡೆಯವನು ಅಂದೆ.

ಗೆದ್ದ ಮೇಲೆ ಏನಾಯಿತು ಅನ್ನುವುದನ್ನೂ ನೋಡಿ. ಹುಸೇನ್ ನಿಜಾಮ್‌ಶಾಹ ರಾಮರಾಯನ ತಲೆ ತೆಗೆಸಿದ. ರಾಮರಾಯನ ತಮ್ಮ ತಿರುಮಲ, ಸದಾಶಿವರಾಯನನ್ನು ಕರೆದುಕೊಂಡು ಪೆನುಕೊಂಡೆಗೆ ಓಡಿದ. ಹಂಪಿ ಲೂಟಿಯಾಯಿತು. ರಾಯಚೂರು, ಮುದಗಲ್ ಆದಿಲ್‌ಶಾಹಿಗೆ ಬಂದವು. ಕೆಲವೇ ವರ್ಷಗಳಲ್ಲಿ ಬೀಗರಾದ ವಿಜಯಪುರ, ಅಹಮದ್‌ನಗರ ಮತ್ತೆ ಬಡಿದಾಡಿಕೊಂಡವು. ಧರ್ಮಕ್ಕಾಗಿ ಕೂಡಿದವರು ಇಷ್ಟು ಬೇಗ ಬಿಟ್ಟುಕೊಡುತ್ತಿದ್ದರಾ?

ಜನ ಏನಂತಾರೆ ಅನ್ನುವ ಪ್ರಶ್ನೆಗೆ ಕೊನೆಗೆ ನಮ್ಮ ಅತ್ತಿಯ ಮಾತು ಹೇಳಬೇಕು. ನಾನು ಮಾವ ಈ ವಾದದಲ್ಲಿ ಮುಳುಗಿದ್ದಾಗ ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದರು. ಯಾವ ತಿಂಗಳಲ್ಲಿ ಆಗಿದ್ದು ಅಂತ ಕೇಳಿದರು. ಜನವರಿ ಕೊನೆ ಅಂದೆ. ಮೊರ ಅಲ್ಲೇ ನಿಂತಿತು. ಎಳ್ಳಮವಾಸ್ಯೆಗೆ ಚರಗ ಚೆಲ್ಲಿ ಆಗಿರುತ್ತದೆ, ಸೀತನಿ (ಎಳೆ ಜೋಳದ ತೆನೆ) ಮುಗಿದು ಜೋಳ ಕೊಯ್ಲಿಗೆ ಬರುವ ಹೊತ್ತು ಅದು. ‘ಅಷ್ಟು ಆನಿ, ಅಷ್ಟು ಕುದರಿ... ಆ ವರ್ಷ ಈ ಊರಾಗ ಯಾರ ಮನ್ಯಾಗರ ರೊಟ್ಟಿ ಸುಟ್ಟಾರೇನೋ?’ ಅಂದರು.

ಆ ಲೆಕ್ಕವನ್ನು ಫೆರಿಷ್ತಾನೂ ಬರೆದಿಲ್ಲ, ಫ್ರೆಡರಿಕ್‌ನೂ ಬರೆದಿಲ್ಲ. ಮಾವ ಎಲೆಗೆ ಸುಣ್ಣ ಹಚ್ಚತೊಡಗಿದರು.