ತಂದೆಯ ಕೆನರಾ ಬ್ಯಾಂಕ್ ಷೇರು: 35 ರೂಪಾಯಿ ನಿಜವೋ, 7 ರೂಪಾಯಿ ನಿಜವೋ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಕುಮಟಾದಲ್ಲಿದ್ದ ನಿಮ್ಮ ತಂದೆಯವರು 2002ರಲ್ಲಿ ಕೆನರಾ ಬ್ಯಾಂಕ್ ಮೊದಲ ಬಾರಿಗೆ ಸಾರ್ವಜನಿಕರಿಗೆ ಷೇರು ನೀಡಿದಾಗ 35 ರೂಪಾಯಿಯಂತೆ 100 ಷೇರು ಪಡೆದಿದ್ದರು. ಸಿಂಡಿಕೇಟ್ ಬ್ಯಾಂಕಿನ 200 ಷೇರುಗಳೂ ಅವರ ಡೈರಿಯಲ್ಲಿ ನಮೂದಾಗಿವೆ. ಅವರು ತೀರಿಕೊಂಡ ಮೇಲೆ ನಿಮ್ಮ ಡಿಮ್ಯಾಟ್ ಖಾತೆಗೆ (ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆ) ಬಂದಿರುವುದು ಕೆನರಾ ಬ್ಯಾಂಕಿನ 655 ಷೇರು; ಸಿಂಡಿಕೇಟಿನ ಹೆಸರೇ ಇಲ್ಲ. ಮೊಬೈಲಿನಲ್ಲಿ ಚಾರ್ಟ್ ತೆರೆದರೆ 2002ರ ದರ 7 ರೂಪಾಯಿಯ ಆಸುಪಾಸಿನಲ್ಲಿದೆ. ಇವುಗಳಲ್ಲಿ ಯಾವುದನ್ನು ನಂಬಬೇಕು, ಮಾರುವಾಗ ಯಾವ ದರವನ್ನು ಹಿಡಿಯಬೇಕು, ಹಳೆಯ ದರಗಳನ್ನು ನೋಡಿ ಮುಂದಿನದನ್ನು ಹೇಳಬಹುದೇ ಎಂದು ಕೇಳಿದ್ದೀರಿ.

ಡೈರಿಯೂ ಸರಿ, ಡಿಮ್ಯಾಟ್ ಖಾತೆಯೂ ಸರಿ, ಚಾರ್ಟೂ ಸರಿ. ನಾನು ಷೇರು ಸಲಹೆಗಾರನಲ್ಲ. ಸಿರಸಿಯ ಹತ್ತಿರದ ಹಳ್ಳಿಯವನು, ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಅಡಿಕೆ ಲೆಕ್ಕದ ಪುಸ್ತಕವೊಂದಿದೆ. ಅದರಲ್ಲಿ ದರವೆಲ್ಲ ಮಣದ ಮೇಲೆ. ಈಗಿನ ಪೇಟೆ ಧಾರಣೆ ಕ್ವಿಂಟಾಲಿನ ಮೇಲೆ. ಅಜ್ಜನ ಅಂಕಿಯನ್ನು ಇಂದಿನ ಅಂಕಿಯ ಪಕ್ಕದಲ್ಲಿಟ್ಟು ಅಡಿಕೆ ಇಷ್ಟು ಪಟ್ಟು ಏರಿತು ಎಂದು ನಮ್ಮೂರಿನ ಯಾವ ತೋಟಿಗನೂ ಹೇಳಲಾರ. ಮೊದಲು ಮಣವನ್ನು ಕ್ವಿಂಟಾಲಿಗೆ ತರುತ್ತಾನೆ, ಆಮೇಲೆ ಅದು ಯಾವ ಬಗೆಯ ಅಡಿಕೆ, ಚಾಲಿಯೋ ರಾಶಿಯೋ ಎಂದು ಕೇಳುತ್ತಾನೆ. ಷೇರಿನ ವಿಷಯಕ್ಕೆ ಬಂದರೆ ಮಾತ್ರ ನಾವು ‘ಒಂದು ಷೇರು’ ಎಂಬ ಅಳತೆ ಎಂದೆಂದಿಗೂ ಒಂದೇ ಎಂದು ನಂಬಿಬಿಡುತ್ತೇವೆ.

ನಿಮ್ಮ 655ರ ಲೆಕ್ಕ ಬಿಡಿಸೋಣ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಿಂಡಿಕೇಟಿನ ಪ್ರತಿ 1000 ಷೇರಿಗೆ ಕೆನರಾದ 158 ಷೇರು ಎಂಬುದು ಅಂದು ಗೊತ್ತುಪಡಿಸಿದ ಅನುಪಾತ. ಆ ಪ್ರಕಾರ 200 ಷೇರಿಗೆ 31.6 ಬರುತ್ತದೆ, ಪೂರ್ಣ ಷೇರು 31, ಉಳಿದ ತುಣುಕಿಗೆ ನಗದು. ತಂದೆಯವರ ಪಾಸ್‌ಬುಕ್ಕಿನಲ್ಲಿ ಆ ಹೊತ್ತಿನ ಸಣ್ಣದೊಂದು ಜಮಾ ಕಂಡರೆ ಅದು ಇದೇ ಇರಬಹುದು. ಅಲ್ಲಿಗೆ ಅವರ ಬಳಿ ಕೆನರಾದ 131 ಷೇರುಗಳಾದವು. 2024ರ ಮೇ ತಿಂಗಳಲ್ಲಿ ಬ್ಯಾಂಕ್ ತನ್ನ 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 2 ರೂಪಾಯಿ ಮುಖಬೆಲೆಯ ಐದು ಷೇರುಗಳಾಗಿ ಸೀಳಿತು. 131ನ್ನು 5ರಿಂದ ಗುಣಿಸಿದರೆ 655. ಚಾರ್ಟ್ ಮಾಡುವವರು ಇದೇ ಸೀಳಿಕೆಯನ್ನು ಹಿಂದಿನ ದಿನಗಳಿಗೂ ಹಚ್ಚಿ ಹಳೆಯ ದರಗಳನ್ನೆಲ್ಲ 5ರಿಂದ ಭಾಗಿಸಿಡುತ್ತಾರೆ. ಹಾಗಾಗಿ ನಿಮ್ಮ 35 ರೂಪಾಯಿ ಅಲ್ಲಿ 7 ಆಗಿದೆ. ಅವರು ಹಾಗೆ ಮಾಡದಿದ್ದರೆ 2024ರ ಮೇ ತಿಂಗಳ ಒಂದು ಬೆಳಿಗ್ಗೆ ಬ್ಯಾಂಕಿನ ಐದರಲ್ಲಿ ನಾಲ್ಕು ಪಾಲು ಮೌಲ್ಯ ಕರಗಿಹೋದಂತೆ ಕಾಣುತ್ತಿತ್ತು. ಸ್ಟೇಟ್ ಬ್ಯಾಂಕಿನ ಷೇರು 2014ರ ನವೆಂಬರಿನಲ್ಲಿ ಒಂದಕ್ಕೆ ಹತ್ತಾಗಿ ಸೀಳಿದಾಗಲೂ ಚಾರ್ಟಿನ ಹಳೆಯ ದರಗಳನ್ನು ಹೀಗೆಯೇ 10ರಿಂದ ಭಾಗಿಸಲಾಯಿತು.

ಕೆಲವು ಪಟ್ಟಿಗಳಲ್ಲಿ 2002ರ ದರ 7ಕ್ಕಿಂತಲೂ ಕೆಳಗೆ ಕಂಡರೆ ಬೆರಗಾಗಬೇಡಿ. ಅಲ್ಲಿ ಸೀಳಿಕೆಯ ಜೊತೆಗೆ ಡಿವಿಡೆಂಡನ್ನೂ (ಷೇರುದಾರರಿಗೆ ಹಂಚುವ ಲಾಭಾಂಶ) ಕಳೆದಿರುತ್ತಾರೆ. ಯಾಹೂ ಫೈನಾನ್ಸ್‌ನಲ್ಲಿ ಮುಕ್ತಾಯದ ದರಕ್ಕೆ ಎರಡು ಅಂಕಣಗಳಿವೆ: ಒಂದರಲ್ಲಿ ಸೀಳಿಕೆಯ ಹೊಂದಾಣಿಕೆ ಮಾತ್ರ, ಇನ್ನೊಂದರಲ್ಲಿ ಡಿವಿಡೆಂಡಿನದೂ ಸೇರಿದೆ. ಅಡಿಕೆ ಗೊನೆ ಇಳಿಸುವ ಮುಂಚೆ ತೋಟ ಕೊಂಡವನು ಫಸಲನ್ನೂ ಸೇರಿಸಿ ಬೆಲೆ ಕೊಡುತ್ತಾನೆ, ಇಳಿಸಿದ ಮರುದಿನ ಕೊಂಡವನು ಅಷ್ಟು ಕಡಿಮೆ ಕೊಡುತ್ತಾನೆ. ಡಿವಿಡೆಂಡ್ ಕೊಟ್ಟ ಷೇರಿನ ದರವೂ ಹಾಗೆಯೇ ಇಳಿಯುತ್ತದೆ. ಒಟ್ಟು ಗಳಿಕೆ ಎಷ್ಟಾಯಿತು ಎಂದು ತಿಳಿಯಲು ಡಿವಿಡೆಂಡ್ ಸೇರಿದ ಅಂಕಣ ಒಳ್ಳೆಯದು. ತಂದೆ ನಿಜವಾಗಿ ಎಷ್ಟು ಕೊಟ್ಟರು ಎಂಬುದಕ್ಕೆ ಅದು ಯಾವ ಕೆಲಸಕ್ಕೂ ಬಾರದು.

ಆಯಾ ದಿನ ವಹಿವಾಟು ನಡೆದ ದರವೇ ಬೇಕಾದರೆ ಷೇರು ವಿನಿಮಯ ಕೇಂದ್ರಗಳಾದ ಎನ್‌ಎಸ್‌ಇ ಅಥವಾ ಬಿಎಸ್‌ಇ ತಾಣಗಳಲ್ಲಿ ಬ್ಯಾಂಕಿನ ಹೆಸರು ಮತ್ತು ದಿನಾಂಕ ಕೊಟ್ಟು ಹಳೆಯ ಪಟ್ಟಿಯನ್ನು ಇಳಿಸಿಕೊಳ್ಳಿ. ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ಮತ್ತು ವಹಿವಾಟಿನ ಪ್ರಮಾಣ ಅಲ್ಲಿ ಸಿಗುತ್ತವೆ. ಎಪಿಎಂಸಿ ಧಾರಣೆಯಲ್ಲಿ ಕನಿಷ್ಠ–ಗರಿಷ್ಠ ಓದಿ ಅಭ್ಯಾಸವಿರುವವರಿಗೆ ಇದು ಕಷ್ಟವಲ್ಲ.

ಈಗ ಮಾರಾಟದ ವಿಷಯ. ಹಳೆಯ ದರದಿಂದ ನಿಮಗೆ ಆಗುವ ಅತಿ ದೊಡ್ಡ ಉಪಯೋಗ ಇಲ್ಲೇ ಇದೆ, ತಪ್ಪು ಆಗುವುದೂ ಇಲ್ಲೇ. ಪಿತ್ರಾರ್ಜಿತವಾಗಿ ಬಂದ ಷೇರಿಗೆ ತಂದೆ ಕೊಟ್ಟ ಬೆಲೆಯೇ ನಿಮ್ಮ ಅಸಲು, ಅವರು ಇಟ್ಟುಕೊಂಡಿದ್ದ ಅವಧಿಯೂ ನಿಮ್ಮ ಅವಧಿಗೆ ಸೇರುತ್ತದೆ. ಅದರ ಮೇಲೆ, 2018ರ ಜನವರಿ 31ರವರೆಗೆ ಕೊಂಡ ಷೇರುಗಳಿಗೆ ಸರ್ಕಾರ ಒಂದು ರಿಯಾಯಿತಿ ಇಟ್ಟಿದೆ: ಆ ದಿನದ ಗರಿಷ್ಠ ದರ ಮತ್ತು ನೀವು ಮಾರಿದ ದರ ಇವೆರಡರಲ್ಲಿ ಕಡಿಮೆಯಾದದ್ದನ್ನು ತೆಗೆದುಕೊಂಡು, ಅದು ನಿಜವಾದ ಅಸಲಿಗಿಂತ ಹೆಚ್ಚಿದ್ದರೆ ಅದನ್ನೇ ಅಸಲೆಂದು ಹಿಡಿಯಬಹುದು. ಗಮನಿಸಿ, ಬೇಕಾದದ್ದು ಮುಕ್ತಾಯದ ದರವಲ್ಲ, ಗರಿಷ್ಠ ದರ. ಹೀಗೆ ಬಂದ ದೀರ್ಘಾವಧಿ ಲಾಭ ವರ್ಷಕ್ಕೆ 1.25 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗಕ್ಕೆ ಶೇ 12.5 ತೆರಿಗೆ, 2024ರ ಜುಲೈ 23ರಿಂದ ಜಾರಿಗೆ ಬಂದ ದರ ಇದು.

ಲೆಕ್ಕಕ್ಕಾಗಿ 2018ರ ಜನವರಿ 31ರ ಗರಿಷ್ಠ ದರ 300 ಎಂದಿಟ್ಟುಕೊಳ್ಳಿ. ಇದು ಕೇವಲ ಉದಾಹರಣೆ, ನಿಜವಾದ ಅಂಕಿಯನ್ನು ವಿನಿಮಯ ಕೇಂದ್ರದ ಪಟ್ಟಿಯಿಂದ ತೆಗೆದುಕೊಳ್ಳಿ. ಆ 300 ಹಳೆಯ 10 ರೂಪಾಯಿ ಮುಖಬೆಲೆಯ ಷೇರಿನದು. 100 ಹಳೆಯ ಷೇರಿಗೆ 30,000 ರೂಪಾಯಿ. ಅವೇ ಈಗ 500 ಷೇರಾಗಿರುವುದರಿಂದ ಒಂದಕ್ಕೆ 60. ಈಗ 100 ರೂಪಾಯಿಗೆ ಮಾರಿದರೆ ಷೇರಿಗೆ 40 ರೂಪಾಯಿ ಲಾಭ. ಭಾಗಿಸುವುದನ್ನು ಮರೆತು 300 ಎಂದೇ ಬರೆದರೆ, ಮಾರಿದ 100 ರೂಪಾಯಿ ಅದಕ್ಕಿಂತ ಕಡಿಮೆಯಾದ್ದರಿಂದ ಅದೇ ಅಸಲಾಗಿ ಲಾಭವೇ ಇಲ್ಲವೆಂದು ತೋರುತ್ತದೆ, ನೋಟಿಸ್ ಬರಲು ಇಷ್ಟು ಸಾಕು. ಇದಕ್ಕೆ ತದ್ವಿರುದ್ಧವಾದ ತಪ್ಪನ್ನು ನಾನೇ ಮಾಡಿದ್ದೆ: ಚಾರ್ಟಿನಲ್ಲಿ ಆಗಲೇ ಭಾಗಿಸಿಟ್ಟಿದ್ದ ದರವನ್ನು ತಂದು, ಜಾಣತನವೆಂದು ತಿಳಿದು ಮತ್ತೊಮ್ಮೆ 5ರಿಂದ ಭಾಗಿಸಿ, ಇಲ್ಲದ ಲಾಭ ತೋರಿಸಿಕೊಂಡಿದ್ದೆ. ಆಡಿಟರ್ ನಕ್ಕು ಹಾಳೆಯನ್ನು ಹಿಂದಕ್ಕೆ ಕೊಟ್ಟರು.

ಸಿಂಡಿಕೇಟಿನಿಂದ ಬಂದ 155 ಷೇರುಗಳಿಗೆ 35 ರೂಪಾಯಿಯ ಮಾತೇ ಬರುವುದಿಲ್ಲ. ಆ 200 ಷೇರುಗಳಿಗೆ ತಂದೆ ಕೊಟ್ಟ ಹಣವೇ ಅವುಗಳ ಅಸಲು, ಅವಧಿಯೂ ಅಂದಿನಿಂದಲೇ. ಅದಕ್ಕೆ ಬೇರೆ ಸಾಲು ಬರೆದು, ಜನವರಿ 31ರ ನಿಯಮವನ್ನು ಅದಕ್ಕೆ ಹೇಗೆ ಹಚ್ಚಬೇಕೆಂಬುದನ್ನು ಆಡಿಟರರ ಎದುರು ಕುಳಿತು ಬಗೆಹರಿಸಿಕೊಳ್ಳಿ. ಇನ್ನೊಂದು ಸೂಕ್ಷ್ಮವಿದೆ. ಬೋನಸ್ ಷೇರು (ಹಣ ಪಡೆಯದೆ ಕೊಡುವ ಹೆಚ್ಚುವರಿ ಷೇರು) ಬಂದಾಗಲೂ ಚಾರ್ಟ್ ಸೀಳಿಕೆಯಂತೆಯೇ ಹಳೆಯ ದರವನ್ನು ತಗ್ಗಿಸುತ್ತದೆ, ಆದರೆ ತೆರಿಗೆಯವರ ಕಣ್ಣಿನಲ್ಲಿ ಎರಡೂ ಒಂದೇ ಅಲ್ಲ. ಕರ್ಣಾಟಕ ಬ್ಯಾಂಕ್ 2020ರಲ್ಲಿ ಹತ್ತಕ್ಕೆ ಒಂದರಂತೆ, ಎಚ್‌ಡಿಎಫ್‌ಸಿ ಬ್ಯಾಂಕ್ 2025ರ ಆಗಸ್ಟ್‌ನಲ್ಲಿ ಒಂದಕ್ಕೆ ಒಂದರಂತೆ ಬೋನಸ್ ಕೊಟ್ಟವು. ಹಾಗೆ 2018ರ ಜನವರಿ ಕಳೆದ ಮೇಲೆ ಬಂದ ಬೋನಸ್ ಷೇರಿನ ಅಸಲು ಸೊನ್ನೆ.

ಮುಂದೆ ಏರುತ್ತದೆಯೇ ಎಂಬುದಕ್ಕೆ ಹಳೆಯ ದರದಲ್ಲಿ ಉತ್ತರವಿಲ್ಲ. ಆದರೆ ಬ್ಯಾಂಕಿನ ಷೇರು ಎಂಥ ಪ್ರಾಣಿ ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. 2010ರ ಕೊನೆಯ ಹೊತ್ತಿಗೆ ನಿಮ್ಮ ತಂದೆಯ 35 ರೂಪಾಯಿಯ ಷೇರು 800 ದಾಟಿತ್ತು. 2020ರ ಬೇಸಿಗೆಯಲ್ಲಿ ಅದೇ ಷೇರು 100ಕ್ಕಿಂತ ಕೆಳಗಿತ್ತು. ಇಂದಿನ ಅಳತೆಯಲ್ಲಿ ಹೇಳುವುದಾದರೆ 160ರ ಮೇಲಿದ್ದದ್ದು 20ಕ್ಕೂ ಕೆಳಗಿಳಿಯಿತು. ಆ ಇಳಿತ ಒಂದು ದಿನದ್ದಲ್ಲ, ಸುಮಾರು ಹತ್ತು ವರ್ಷದ್ದು. 2015ರಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳ ಸಾಲದ ಗುಣಮಟ್ಟವನ್ನು ಕಟ್ಟುನಿಟ್ಟಾಗಿ ಪರಿಶೀಲಿಸತೊಡಗಿದ ಮೇಲೆ, ಅದುವರೆಗೆ ಮುಚ್ಚಿಟ್ಟಿದ್ದ ಕೆಟ್ಟ ಸಾಲಗಳು ಲೆಕ್ಕಪತ್ರಕ್ಕೆ ಬಂದವು, ಲಾಭ ಹೋಯಿತು, ಬಂಡವಾಳ ಸವೆಯಿತು. 2017ರ ಅಕ್ಟೋಬರ್ 24ರಂದು ಕೇಂದ್ರವು ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ಘೋಷಿಸಿದ ಮರುದಿನ ಸ್ಟೇಟ್ ಬ್ಯಾಂಕಿನ ಷೇರು ಒಂದೇ ದಿನದಲ್ಲಿ ಕಾಲು ಭಾಗಕ್ಕೂ ಹೆಚ್ಚು ಏರಿತು. ಹೀಗೆ ದರದ ಪಕ್ಕದಲ್ಲಿ ಕಾರಣವನ್ನೂ ಬರೆದುಕೊಂಡು ಓದಿದರೆ ಮಾತ್ರ ಆ ಗೆರೆಗೆ ಅರ್ಥ.

ಬ್ಯಾಂಕ್ ಬೆಳೆಯಬೇಕಾದರೆ ಹೊಸ ಬಂಡವಾಳ ತರುತ್ತಲೇ ಇರಬೇಕು, ಅಂದರೆ ಹೊಸ ಷೇರುಗಳು ಹುಟ್ಟುತ್ತಲೇ ಇರುತ್ತವೆ. ಕೆನರಾ ಬ್ಯಾಂಕ್ 2020ರ ಡಿಸೆಂಬರಿನಲ್ಲಿ 2,000 ಕೋಟಿ, 2021ರ ಆಗಸ್ಟ್‌ನಲ್ಲಿ 2,500 ಕೋಟಿ ರೂಪಾಯಿಯನ್ನು ದೊಡ್ಡ ಹೂಡಿಕೆದಾರರಿಂದ ಹೀಗೆ ಎತ್ತಿತು. ಇದನ್ನು ಯಾವ ಚಾರ್ಟೂ ಹೊಂದಿಸಿ ತೋರಿಸುವುದಿಲ್ಲ. ಆದ್ದರಿಂದ ಎರಡು ವರ್ಷಗಳ ದರವನ್ನು ಹೋಲಿಸುವಾಗ ಪ್ರತಿ ಷೇರಿನ ಪುಸ್ತಕ ಮೌಲ್ಯವನ್ನೂ (ಬ್ಯಾಂಕಿನ ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದರಲ್ಲಿ ಒಂದು ಷೇರಿನ ಪಾಲು) ವಾರ್ಷಿಕ ವರದಿಯಿಂದ ತೆಗೆದು, ದರ ಅದರ ಎಷ್ಟು ಪಟ್ಟು ಇತ್ತು ಎಂದು ನೋಡುವುದು ನನ್ನ ಪದ್ಧತಿ. ಬರಿಯ ದರಕ್ಕಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ನೀವು ನೋಡುತ್ತಿರುವುದು ಉಳಿದುಕೊಂಡ ಬ್ಯಾಂಕುಗಳ ಗೆರೆಗಳನ್ನು ಮಾತ್ರ ಎಂಬುದೂ ನೆನಪಿರಲಿ. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕಿನ ಗೆರೆ 2019ರಲ್ಲಿ ನಿಂತಿತು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳದ್ದು 2020ರಲ್ಲಿ. ಅವುಗಳ ಷೇರುದಾರರಿಗೆ ಬೇರೆ ಬ್ಯಾಂಕಿನ ಷೇರಾದರೂ ಸಿಕ್ಕಿತು. ಅದೇ 2020ರ ನವೆಂಬರಿನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕನ್ನು ಡಿಬಿಎಸ್ ಬ್ಯಾಂಕ್ ಇಂಡಿಯಾದಲ್ಲಿ ಸೇರಿಸಿದಾಗ ಠೇವಣಿದಾರರ ಹಣ ಉಳಿಯಿತು, ಷೇರು ಬಂಡವಾಳವನ್ನು ಪೂರ್ತಿ ತೊಡೆದುಹಾಕಲಾಯಿತು.

ತಂದೆಯವರ ಡೈರಿಯಲ್ಲಿ ಸಿಂಡಿಕೇಟ್ ಷೇರು ಕೊಂಡ ದಿನಾಂಕ ಇದೆಯೇ ನೋಡಿ. ದಿನಾಂಕವಿದ್ದು ದರ ಇಲ್ಲದಿದ್ದರೆ, ವಿನಿಮಯ ಕೇಂದ್ರದ ಆ ದಿನದ ಪಟ್ಟಿಯನ್ನು ಮುದ್ರಿಸಿ ಡೈರಿಯ ಪುಟದ ಪ್ರತಿಯ ಜೊತೆ ಪಿನ್ ಮಾಡಿಟ್ಟುಕೊಳ್ಳಿ. ಆಡಿಟರ್ ಮೊದಲು ಕೇಳುವುದು ಅದನ್ನೇ.